ಅಧ್ಯಕ್ಷರಿಗೂ ಶಾಸಕರಿಗೂ ಒಂದೇ ಪತ್ರ

ಸನ್ಮಾನ್ಯ ಅಧ್ಯಕ್ಷರೇ ಮತ್ತು ಸನ್ಮಾನ್ಯ ಶಾಸಕರೇ,

ಲಕೋಟೆಯ ಮೇಲೆ ಯಾವ ಪದವಿ ಬರೆಯಬೇಕೆಂದು ತಿಳಿಯದೆ ಎರಡನ್ನೂ ಬರೆದಿದ್ದೇನೆ. ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಬರೆದರೆ ಇದು ರಾಜಕೀಯ, ಶಾಸಕರನ್ನು ಕೇಳು ಎನ್ನುತ್ತಾರೆ. ಶಾಸಕರಿಗೆ ಬರೆದರೆ ಇದು ಕಾಲೇಜಿನ ವಿಷಯ, ಅಧ್ಯಕ್ಷರನ್ನು ಕೇಳು ಎನ್ನುತ್ತಾರೆ. ಇಬ್ಬರೂ ಒಂದೇ ಕಾರಿನಲ್ಲಿ ಓಡಾಡುವುದರಿಂದ ಒಂದು ಅಂಚೆ ಚೀಟಿಯ ಖರ್ಚು ಉಳಿಯಿತು.

ಮೊದಲು ಅಭಿನಂದನೆ. ಈ 2023ರ ಮೇ 10ಕ್ಕೆ ರಾಜ್ಯದಲ್ಲಿ ಶೇ. 73.19ರಷ್ಟು ಮತದಾನವಾಯಿತು, 13ಕ್ಕೆ ನೀವು ಗೆದ್ದಿರಿ. ಕಾಲೇಜಿನ ಸಭಾಂಗಣದಲ್ಲಿ ನಡೆದ ಸನ್ಮಾನದಲ್ಲಿ ಮೈಸೂರು ಪೇಟ ಸರಿಮಾಡಿಕೊಳ್ಳುತ್ತಾ, ಓದಿದ ಮಕ್ಕಳು ರಾಜಕೀಯಕ್ಕೆ ಬರಬೇಕು, ಇಲ್ಲದಿದ್ದರೆ ದೇಶ ಉದ್ಧಾರವಾಗದು ಎಂದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ನಿಮ್ಮ ಆ ಮಾತನ್ನೇ ನೆಚ್ಚಿಕೊಂಡು ಬರೆಯುತ್ತಿದ್ದೇನೆ. ಬಿ.ಎ. ನಾಲ್ಕನೇ ಸೆಮಿಸ್ಟರ್, ಇತಿಹಾಸ ಮತ್ತು ರಾಜ್ಯಶಾಸ್ತ್ರ. ಮೆಮೊ ಪುಸ್ತಕದಲ್ಲಿ ನನ್ನ ಹೆಸರು ಸಿಗುತ್ತದೆ.

ಮೆಮೊ ಬಂದದ್ದು ಬಸ್ಸಿನ ದೆಸೆಯಿಂದ. ನಮ್ಮ ಊರಿನ ಕಡೆಯಿಂದ ಬೆಳಗ್ಗೆ ಬರುವ ಬಸ್ಸು ಒಂದೇ. ಅದು ನಮ್ಮ ಸ್ಟಾಪಿಗೆ ಬರುವ ಹೊತ್ತಿಗೆ ಫುಟ್‌ಬೋರ್ಡಿನ ಮೇಲೂ ಜನ. ಪಾಸು ಇರುವ ಹುಡುಗಿಯರನ್ನು ಕಂಡರೆ ಡ್ರೈವರು ನಿಲ್ಲಿಸದೆ ಮುಂದೆ ಹೋಗುವುದೂ ಉಂಟು. ಮೊದಲ ಪೀರಿಯಡ್ ತಪ್ಪಿದರೆ ಹಾಜರಾತಿ ಹೋಯಿತು. ಎರಡು ವರ್ಷ ಅರ್ಜಿ ಬರೆದು ಸಾಕಾಗಿ ಒಂದು ದಿನ ರಸ್ತೆಯ ಮೇಲೆ ಕೂತೆವು. ಮರುದಿನವೇ ಪ್ರಿನ್ಸಿಪಾಲರು ಕರೆಸಿ, ಪ್ರವೇಶದ ದಿನ ನಾನು ಸಹಿ ಹಾಕಿದ್ದ ಮುಚ್ಚಳಿಕೆಯನ್ನು ಮುಂದಿಟ್ಟರು. ಯಾವುದೇ ರಾಜಕೀಯ ಸಭೆ, ಮೆರವಣಿಗೆ, ಧರಣಿಗಳಲ್ಲಿ ಭಾಗವಹಿಸುವುದಿಲ್ಲ, ಭಾಗವಹಿಸಿದರೆ ಟಿ.ಸಿ. ಕೊಟ್ಟು ಕಳಿಸಲು ನನ್ನ ಅಭ್ಯಂತರವಿಲ್ಲ ಎಂದು ಅದರಲ್ಲಿದೆ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಅಪ್ಪನ ಹೆಬ್ಬೆಟ್ಟು.

ಏಪ್ರಿಲ್ ಮೂರನೇ ವಾರ ನೀವು ನಾಮಪತ್ರ ಹಾಕಿದ ದಿನ ಮಾತ್ರ ಬಸ್ಸುಗಳ ಬರವಿರಲಿಲ್ಲ. ಬೆಳಗ್ಗೆ ಎಂಟಕ್ಕೆಲ್ಲ ಕಾಲೇಜಿನ ಹಳದಿ ಬಸ್ಸುಗಳು ನಮ್ಮ ಹಳ್ಳಿಯ ಅರಳಿಕಟ್ಟೆಯವರೆಗೂ ಬಂದವು. ಬಸ್ಸು ಕೇಳಿದಾಗ ಮೆಮೊ, ಕೇಳದಿದ್ದಾಗ ಬಸ್ಸು. ಹುಡುಗರಿಗೆ ಬಾವುಟ ಮತ್ತು ಪೆಟ್ರೋಲ್ ಚೀಟಿ, ಹುಡುಗಿಯರಿಗೆ ಪೂರ್ಣಕುಂಭ. ಮೆರವಣಿಗೆಯನ್ನು ಜೀಪಿನ ಮೇಲೆ ನಿಂತು ನೋಡಿದ ನಿಮಗೆ ಪೂರ್ಣಕುಂಭದ ಒಳಗುಟ್ಟು ತಿಳಿದಿರಲಾರದು. ಹಿತ್ತಾಳೆ ಬಿಂದಿಗೆಗೆ ಕಂಠದವರೆಗೆ ನೀರು ತುಂಬಿ, ಐದು ವೀಳ್ಯದೆಲೆ ಸುತ್ತ ಇಟ್ಟು, ಮೇಲೊಂದು ತೆಂಗಿನಕಾಯಿ ಕೂರಿಸುತ್ತಾರೆ. ನಡೆಯುವಾಗ ನೀರು ತುಳುಕಿ ಸೆರಗು ಒದ್ದೆಯಾಗುತ್ತದೆ, ಬಿಸಿಲಿಗೆ ಅಲ್ಲೇ ಒಣಗುತ್ತದೆ, ಮತ್ತೆ ಒದ್ದೆಯಾಗುತ್ತದೆ. ಎಪಿಎಂಸಿ ಗೇಟು ದಾಟುವಷ್ಟರಲ್ಲಿ ನಾವು ಒಬ್ಬೊಬ್ಬರಾಗಿ ಅಂಗಡಿ ಸಾಲಿನ ಹಿಂದೆ ಹೋಗಿ ನೀರು ಚೆಲ್ಲಿ ಬಂದೆವು. ಅಧ್ಯಕ್ಷರೇ, ತಾಲ್ಲೂಕು ಕಚೇರಿಯ ಮುಂದೆ ನಿಮ್ಮನ್ನು ಎದುರುಗೊಂಡ ಕುಂಭಗಳಲ್ಲಿ ಒಂದೂ ಪೂರ್ಣವಾಗಿರಲಿಲ್ಲ.

ಆ ಬಾಗಿಲಲ್ಲಿ ಇನ್ನೊಂದು ತಮಾಷೆ. ಚುನಾವಣಾಧಿಕಾರಿಯ ಕೊಠಡಿಗೆ ಅಭ್ಯರ್ಥಿಯೂ ಸೇರಿ ಐದೇ ಜನ ಹೋಗಬಹುದು, ನೂರು ಮೀಟರಿನೊಳಗೆ ಮೂರೇ ವಾಹನ ಬರಬಹುದು. ಹಾಗಾಗಿ ನೀವು ಐವರು ಒಳಗೆ ಹೋದಿರಿ, ಯುವಶಕ್ತಿ ಹೊರಗೆ ಪಲಾವ್ ಪೊಟ್ಟಣಕ್ಕೆ ಸಾಲು ನಿಂತಿತು. ಸಾಲಿನಲ್ಲೇ ಉಪನ್ಯಾಸಕರೊಬ್ಬರು ಹಾಜರಿ ಪುಸ್ತಕ ಬಿಚ್ಚಿ ಹೆಸರು ಕೂಗಿದರು. ಆ ಸೆಮಿಸ್ಟರಿನಲ್ಲಿ ನಮ್ಮ ತರಗತಿಯ ಹಾಜರಾತಿ ನೂರಕ್ಕೆ ನೂರು ತುಂಬಿದ್ದು ಅದೊಂದು ದಿನ.

ಯಾರೋ ಪುಣ್ಯಾತ್ಮರು (ನಾನಲ್ಲ, ನನ್ನ ಫೋನಿನ ಕ್ಯಾಮೆರಾ ಕೆಟ್ಟಿದೆ) ಕಾಲೇಜು ಬಸ್ಸಿನ ಫೋಟೊ ತೆಗೆದು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿಗೆ ಹಾಕಿದ್ದರು. ನೂರು ನಿಮಿಷದೊಳಗೆ ಕ್ರಮ ಎಂದು ಆ್ಯಪಿನವರ ಭರವಸೆ. ತಂಡ ಹೇಳಿದ ಹೊತ್ತಿಗೇ ಬಂತು. ಅವರಿಗೆ ಸಿಕ್ಕ ಉತ್ತರವನ್ನು ನಾನು ನಮ್ಮ ವಿಭಾಗದ ಇತಿಹಾಸದಲ್ಲಿ ಬರೆದಿಡಬೇಕೆಂದಿದ್ದೇನೆ. "ಇದು ರಾಜ್ಯಶಾಸ್ತ್ರ ವಿಭಾಗದ ಕ್ಷೇತ್ರ ಅಧ್ಯಯನ ಸಾರ್!"

ಇನ್ನು ಕುಕ್ಕರಿನ ವಿಚಾರ. ಯುಗಾದಿ ಮಾರ್ಚ್ 22ಕ್ಕೆ ಬಂತು, ನೀತಿಸಂಹಿತೆ ಮಾರ್ಚ್ 29ಕ್ಕೆ ಬಂತು. ನಡುವಿನ ಒಂದು ವಾರದಲ್ಲಿ ನಮ್ಮ ಊರಿನ ಮನೆಮನೆಗೆ ಐದು ಲೀಟರಿನ ಕುಕ್ಕರು ಬಂತು. ಡಬ್ಬಿಯ ಮೇಲೆ ನಿಮ್ಮ ನಗುಮೊಗ, ಕೆಳಗೆ ಹಬ್ಬದ ಶುಭಾಶಯ. ಇದೇ ವರ್ಷ ಜನವರಿ 25ರ ಮತದಾರರ ದಿನದಂದು ಯಾವ ಆಮಿಷಕ್ಕೂ ಒಳಗಾಗದೆ ಮತ ಹಾಕುತ್ತೇವೆಂದು ಪ್ರಿನ್ಸಿಪಾಲರು ನಮ್ಮಿಂದ ಪ್ರತಿಜ್ಞೆ ಮಾಡಿಸಿದ್ದರು. ಅಮ್ಮನಿಂದ ಮಾಡಿಸಿರಲಿಲ್ಲವಾದ್ದರಿಂದ ಅವಳು ಕುಕ್ಕರು ಇಸಿದುಕೊಂಡಳು. ಬೇಳೆ ಚೆನ್ನಾಗಿ ಬೇಯುತ್ತದೆ, ಅದರಲ್ಲಿ ಸುಳ್ಳಿಲ್ಲ.

ಏಪ್ರಿಲ್ 24ಕ್ಕೆ ನಾಮಪತ್ರ ವಾಪಸಾತಿ ಮುಗಿದು ಪಕ್ಷೇತರರಿಗೆ ಗುರುತು ಹಂಚಿದರು. ನಾವೊಂದಿಷ್ಟು ವಿದ್ಯಾರ್ಥಿಗಳು ಸಂಜೆ ಹೊತ್ತು ಓಡಾಡುತ್ತಿದ್ದುದು ಹತ್ತು ಸಾವಿರದ ಠೇವಣಿಯನ್ನೂ ಚಂದಾ ಎತ್ತಿ ಕಟ್ಟಿದ್ದ ಒಬ್ಬ ರೈತರ ಪರವಾಗಿ. ಬಸ್ಸಿಗಾಗಿ ನಾವು ರಸ್ತೆಯಲ್ಲಿ ಕೂತ ದಿನ ನಮ್ಮ ಜೊತೆ ಕೂತ ಹಿರಿಯರು ಅವರೊಬ್ಬರೇ. ಅವರಿಗೆ ಸಿಕ್ಕ ಗುರುತು ಪ್ರೆಷರ್ ಕುಕ್ಕರ್.

ನಮ್ಮ ಬಳಿ ಕರಪತ್ರಕ್ಕೂ ದುಡ್ಡಿರಲಿಲ್ಲ. ನಿಮ್ಮ ದಯೆಯಿಂದ ಗುರುತು ಆಗಲೇ ಎಲ್ಲರ ಒಲೆಯ ಮೇಲೆ ಕೂತು ಸೀಟಿ ಹೊಡೆಯುತ್ತಿತ್ತು. ಒಬ್ಬ ಅಜ್ಜಿಯಂತೂ ನಾವು ಬಾಯಿ ಬಿಡುವ ಮೊದಲೇ, "ಗೊತ್ತೈತೆ ಬಿಡವ್ವ, ಕುಕ್ಕರ್ ಕೊಟ್ಟೋರಿಗೆ ಕುಕ್ಕರಿಗೇ ಒತ್ತಬೇಕಲ್ಲ, ಉಂಡ ಮನೆಗೆ ಎರಡು ಬಗೀಬಾರ್ದು" ಅಂದಳು. ಅದು ಬೇರೆಯವರದು ಅಜ್ಜಿ ಎಂದು ನಾನು ಹೇಳಿದೆ. ನನ್ನ ಜೊತೆಗಿದ್ದ ಹುಡುಗ ಕಾಲು ತುಳಿದ. ಅಜ್ಜಿ ನನ್ನ ಮಾತು ನಂಬಲಿಲ್ಲ.

ಸುದ್ದಿ ನಿಮ್ಮ ಕಡೆಯವರಿಗೆ ಮುಟ್ಟಿದ ಮೇಲೆ ಆದ ಪಜೀತಿ ನೋಡಬೇಕಿತ್ತು. ಪ್ರಚಾರದ ಆಟೊ ಬಂದು ನಿಲ್ಲುತ್ತಿತ್ತು, ಮೈಕು ಹಿಡಿದವನು ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದ. ಕುಕ್ಕರ್ ಕೊಟ್ಟವರು ನಾವೇ ಎಂದರೆ ಕೇಸು. ಕುಕ್ಕರ್ ನಮ್ಮದಲ್ಲ ಎಂದರೆ ಕೊಟ್ಟದ್ದೆಲ್ಲ ನೀರುಪಾಲು. ಕೊನೆಗೆ ರಾತ್ರಿ ಹೊತ್ತು ಮನೆಮನೆಗೆ ಬಂದು ಕಿವಿಯಲ್ಲಿ ಹೇಳಿ ಹೋದರಂತೆ. ಒಬ್ಬ ಅಭ್ಯರ್ಥಿ ವಿಧಾನಸಭೆಗೆ 40 ಲಕ್ಷದವರೆಗೆ ಖರ್ಚು ಮಾಡಬಹುದೆಂದು ಆಯೋಗದ ಮಿತಿ ಇದೆ. ನಿಮ್ಮ ಲೆಕ್ಕದಲ್ಲಿ ನಮ್ಮ ಅಭ್ಯರ್ಥಿಯ ಪ್ರಚಾರಕ್ಕೆ ಆದ ಖರ್ಚನ್ನು ಯಾವ ಕಾಲಮ್ಮಿನಲ್ಲಿ ತೋರಿಸಿದ್ದೀರೋ, ತಿಳಿಸಿದರೆ ನಾವೂ ರಸೀದಿ ಕಳಿಸುತ್ತೇವೆ.

ನಿಮ್ಮ ಪ್ರಮಾಣಪತ್ರವನ್ನೂ ಓದಿದೆ. ಫಾರಂ 26 ಆಯೋಗದ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತದೆ. ಆಸ್ತಿ, ಸಾಲ, ಬಾಕಿ ಇರುವ ಪ್ರಕರಣ ಎಲ್ಲವನ್ನೂ ಅಚ್ಚುಕಟ್ಟಾಗಿ ತುಂಬಿದ್ದೀರಿ. ಎಲ್ಲಿ ಹುಡುಕಿದರೂ ನಮ್ಮ ಕಾಲೇಜು ಸಿಗಲಿಲ್ಲ. ಅದು ಟ್ರಸ್ಟಿನದು, ನಿಮ್ಮದಲ್ಲ, ಕಾನೂನಿನ ಪ್ರಕಾರ ಸರಿಯಾಗೇ ಇದೆ. ಇದನ್ನು ಪ್ರಿನ್ಸಿಪಾಲರಿಗೂ ಒಮ್ಮೆ ಓದಿ ಹೇಳಿದರೆ ಉಪಕಾರ.

ಮತದಾನದ ದಿನ ನಾನು ಆ ರೈತರ ಏಜೆಂಟಳಾಗಿ ಬೂತಿನಲ್ಲಿ ಕೂತಿದ್ದೆ. ಬೆಳಗ್ಗೆ ಐದೂವರೆಗೆ ಅಣಕು ಮತದಾನ. ಕನಿಷ್ಠ 50 ಮತ ಹಾಕಬೇಕು, ಎಲ್ಲ ಅಭ್ಯರ್ಥಿಗಳಿಗೂ ಹಾಕಬೇಕು. ಒಂದೊಂದು ಸಲ ಗುಂಡಿ ಒತ್ತಿದಾಗಲೂ ಪಕ್ಕದ ಯಂತ್ರದ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಾಣಿಸಿ ಉದುರುತ್ತಿತ್ತು. ಎಣಿಸಿ ನೋಡಿದರೆ ನಿಮಗೂ ನಮ್ಮ ಕುಕ್ಕರಿಗೂ ಸಮಸಮ. ಆಮೇಲೆ ಅದನ್ನೆಲ್ಲ ಅಳಿಸಿ, ಸೀಲು ಹಾಕಿ, ನಮ್ಮಿಂದ ಸಹಿ ಮಾಡಿಸಿಕೊಂಡು ಏಳಕ್ಕೆ ನಿಜವಾದ ಮತದಾನ ಶುರು ಮಾಡಿದರು. ಈ ದೇಶದಲ್ಲಿ ಸಮಾನತೆ ನೋಡಬೇಕೆಂದರೆ ಬೆಳಗ್ಗೆ ಐದೂವರೆಗೇ ಏಳಬೇಕು.

ನಿಮ್ಮ ಏಜೆಂಟರಾಗಿ ನನ್ನ ಪಕ್ಕದಲ್ಲಿ ಕೂತವರು ನಮ್ಮ ಕಾಲೇಜು ಆಫೀಸಿನವರೇ. ನನ್ನನ್ನು ನೋಡಿ ಬೆಚ್ಚಿದರು, ಆಮೇಲೆ ತಮ್ಮ ಫ್ಲಾಸ್ಕಿನಿಂದ ಚಹಾ ಕೊಟ್ಟರು, ಆಮೇಲೆ ಮೆಲ್ಲಗೆ, "ನಿಂದು ಎರಡನೇ ಕಂತಿನ ಫೀಸು ಬಾಕಿ ಐತಲ್ಲಮ್ಮ" ಎಂದರು. ಸಂಜೆಯವರೆಗೂ ಅವರು ಒಂದು ಕಣ್ಣು ಮತದಾರರ ಪಟ್ಟಿಯ ಮೇಲೆ, ಇನ್ನೊಂದು ನನ್ನ ಮೇಲೆ ಇಟ್ಟುಕೊಂಡೇ ಇದ್ದರು. ಒಳ್ಳೆಯ ಮನುಷ್ಯ. ಮಧ್ಯಾಹ್ನ ತಮ್ಮ ಬುತ್ತಿಯ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟರು, ಅದನ್ನು ಆಮಿಷವೆಂದು ನಾನು ಪರಿಗಣಿಸಿಲ್ಲ.

ಆ ಬೂತು ನಾನು ಓದಿದ ಸರ್ಕಾರಿ ಪ್ರಾಥಮಿಕ ಶಾಲೆ. ಗೋಡೆಯ ಮೇಲಿನ ಅಭ್ಯರ್ಥಿಗಳ ಪಟ್ಟಿಯ ಪಕ್ಕದಲ್ಲೇ ಶಾಲಾ ಸಂಸತ್ತಿನ ಪಟ್ಟಿ. ಪ್ರಧಾನಿ, ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ, ನೀರಿನ ಮಂತ್ರಿ, ಎದುರಿಗೆ ಸೀಮೆಸುಣ್ಣದಲ್ಲಿ ಮಕ್ಕಳ ಹೆಸರು. ಏಳನೇ ತರಗತಿಯಲ್ಲಿ ನಾನು ನೀರಿನ ಮಂತ್ರಿ. ಚೀಟಿಯಲ್ಲಿ ಮತ ಹಾಕಿ ಗೆಲ್ಲಿಸಿದ್ದರು. ತೊಟ್ಟಿ ತೊಳೆಸುವುದು, ನಲ್ಲಿ ಸೋರಿದರೆ ಮೇಷ್ಟ್ರಿಗೆ ದೂರು ಕೊಡುವುದು ನನ್ನ ಖಾತೆ. ಹನ್ನೆರಡನೇ ವಯಸ್ಸಿಗೆ ಮಂತ್ರಿಯಾದವಳು ಹತ್ತೊಂಬತ್ತಕ್ಕೆ ರಾಜ್ಯದ ಸರ್ಕಾರ ಆರಿಸಿದೆ. ನನ್ನ ತರಗತಿಯ ಪ್ರತಿನಿಧಿಯನ್ನು ಮಾತ್ರ ವಿಭಾಗದ ಮುಖ್ಯಸ್ಥರು ಆರಿಸುತ್ತಾರೆ, ಯಾಕೆಂದರೆ ನಮಗಿನ್ನೂ ತಿಳಿವಳಿಕೆ ಸಾಲದು.

ಹೀಗೇಕೆ ಎಂದು ಪುಸ್ತಕದಲ್ಲಿ ಹುಡುಕಿದೆ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ 61ನೇ ತಿದ್ದುಪಡಿ ಜಾರಿಗೆ ಬಂದದ್ದು 1989ರ ಮಾರ್ಚ್‌ನಲ್ಲಿ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1989-90ರ ಸುಮಾರಿಗೆ, ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿತು. ದೆಹಲಿಯವರು ಹದಿನೆಂಟರ ಕೈಗೆ ದೇಶ ಕೊಟ್ಟರು, ಬೆಂಗಳೂರಿನವರು ಅದೇ ಕೈಯಿಂದ ಕಾಲೇಜು ಕಿತ್ತುಕೊಂಡರು. ಗಲಾಟೆ, ಹೊಡೆದಾಟ ಜಾಸ್ತಿಯಾಯಿತೆಂಬುದು ಕಾರಣ.

ಆ ಗಲಾಟೆ ಯಾರದೆಂದು ನಾನು ಹುಡುಕಬೇಕಾಗಲಿಲ್ಲ. ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ ನೀವೇ ಹೇಳುತ್ತೀರಿ. ಎಂಬತ್ತರ ದಶಕದಲ್ಲಿ ನೀವು ಕಾಲೇಜು ಯೂನಿಯನ್ ಅಧ್ಯಕ್ಷರಾದದ್ದು, ಫೀಸು ಏರಿಸಿದಾಗ ಊರು ಬಂದ್ ಮಾಡಿಸಿದ್ದು, ಎರಡು ಬಸ್ಸಿನ ಗಾಜು ಪುಡಿ ಮಾಡಿದ್ದು, ಒಂದು ರಾತ್ರಿ ಠಾಣೆಯಲ್ಲಿ ಕಳೆದದ್ದು. ಅಲ್ಲಿಂದಲೇ ನನ್ನ ರಾಜಕೀಯ ಶುರುವಾಯಿತು ಮಕ್ಕಳೇ ಎಂದಾಗ ನಿಮ್ಮ ದನಿಯೇ ಬೇರೆಯಾಗುತ್ತದೆ, ನಿಜಕ್ಕೂ ಕೇಳಲು ಚೆನ್ನಾಗಿರುತ್ತದೆ. ಹಾರ ಹಾಕಿಸಿಕೊಂಡ ಆ ಕಪ್ಪುಬಿಳುಪು ಫೋಟೊ ನಿಮ್ಮ ಚೇಂಬರಿನಲ್ಲಿದೆ. ಮೆಮೊ ತೆಗೆದುಕೊಳ್ಳಲು ಬಂದಾಗ ಅದರ ಕೆಳಗೇ ನಿಂತಿದ್ದೆ. ನೀವು ಒಡೆದ ಗಾಜಿಗೆ ಮೂವತ್ತಮೂರು ವರ್ಷದಿಂದ ನಾವು ದಂಡ ಕಟ್ಟುತ್ತಿದ್ದೇವೆ. ಇನ್ನೆಷ್ಟು ಬಾಕಿ ಇದೆಯೋ, ಅದನ್ನೂ ಫೀಸಿನ ರಸೀದಿಯಲ್ಲಿ ಬರೆಸಿಬಿಡಿ.

ನಮ್ಮ ಅಭ್ಯರ್ಥಿಯ ಠೇವಣಿ ಹೋಯಿತು. ಆರನೇ ಒಂದು ಭಾಗಕ್ಕಿಂತ ಹೆಚ್ಚು ಮತ ಬೇಕಿತ್ತು, ಅದರ ಹತ್ತಿರಕ್ಕೂ ಹೋಗಲಿಲ್ಲ. ಅಜ್ಜಿಯ ಮತ ಎಲ್ಲಿಗೆ ಬಿತ್ತೋ ಯಂತ್ರ ಹೇಳುವುದಿಲ್ಲ. ಅದರ ಬಗ್ಗೆ ನನಗೆ ತಕರಾರಿಲ್ಲ, ಜನ ನಿಮ್ಮನ್ನು ಆರಿಸಿದ್ದಾರೆ. ನನ್ನ ಕೋರಿಕೆ ಸಣ್ಣದು, ಅದಕ್ಕೆ ವಿಧಾನಸೌಧದವರೆಗೆ ಹೋಗಬೇಕಾಗಿಲ್ಲ. ರಾಜ್ಯದಲ್ಲಿ ಸಂಘದ ಚುನಾವಣೆ ಬಂದಾಗ ಬರಲಿ. ಸದ್ಯ ನಮ್ಮ ಕಾಲೇಜಿನ ತರಗತಿ ಪ್ರತಿನಿಧಿಗಳನ್ನಾದರೂ ಮತ ಹಾಕಿ ಆರಿಸಲು ಬಿಡಿ. ನಿಯಮ ಹೊಸದಾಗಿ ಬರೆಯುವ ಶ್ರಮವೂ ಬೇಡ. ನಿವೃತ್ತ ಮುಖ್ಯ ಚುನಾವಣಾ ಆಯುಕ್ತ ಲಿಂಗ್ಡೊ ಅವರ ಸಮಿತಿ 2006ರಲ್ಲೇ ಬರೆದುಕೊಟ್ಟಿದೆ, ಸುಪ್ರೀಂ ಕೋರ್ಟೂ ಒಪ್ಪಿದೆ. ಒಬ್ಬ ಅಭ್ಯರ್ಥಿ ಐದು ಸಾವಿರಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಧ್ವನಿವರ್ಧಕ, ವಾಹನ, ಪ್ರಾಣಿಗಳನ್ನು ಪ್ರಚಾರಕ್ಕೆ ಬಳಸುವಂತಿಲ್ಲ. ಶೇ. 75 ಹಾಜರಾತಿ ಇರಬೇಕು. ಅಭ್ಯರ್ಥಿಯ ಮೇಲೆ ಕ್ರಿಮಿನಲ್ ದಾಖಲೆ ಇರಬಾರದು. ಈ ಕಡೆಯದು ವಿಧಾನಸಭೆಗೆ ಅನ್ವಯಿಸುವುದಿಲ್ಲ, ಗಾಬರಿಯಾಗಬೇಡಿ.

ಜುಲೈ ಮೊದಲ ವಾರ ಪ್ರತಿನಿಧಿಗಳ ಪಟ್ಟಿ ನೋಟಿಸ್ ಬೋರ್ಡಿಗೆ ಬರುವ ಮೊದಲು ಉತ್ತರ ಸಿಕ್ಕರೆ ಸಾಕು. ನಾನು ನಿಲ್ಲುತ್ತೇನೆ, ಬಸ್ಸೇ ನನ್ನ ಪ್ರಣಾಳಿಕೆ. ನನ್ನೆದುರು ನಿಮ್ಮ ಕಡೆಯವರನ್ನೂ ನಿಲ್ಲಿಸಿ, ಅವಿರೋಧ ಆಯ್ಕೆ ನನಗೆ ಇಷ್ಟವಿಲ್ಲ. ನಿಮ್ಮ ಅಣ್ಣನ ಮಗನ ಹೆಸರು ಈಗಾಗಲೇ ಓಡಾಡುತ್ತಿದೆಯಂತೆ. ಆದರೆ ಲಿಂಗ್ಡೊ ಪ್ರಕಾರ ಸ್ಪರ್ಧಿಸುವವರಿಗೆ ಯಾವ ವಿಷಯವೂ ಬಾಕಿ ಇರಬಾರದು. ದಯವಿಟ್ಟು ಅವನ ಎರಡನೇ ಸೆಮಿಸ್ಟರಿನ ಅರ್ಥಶಾಸ್ತ್ರವನ್ನು ಮೊದಲು ಪಾಸು ಮಾಡಿಸಿ. ನೋಟ್ಸು ಬೇಕಾದರೆ ನನ್ನದನ್ನೇ ಕೊಡುತ್ತೇನೆ.

ಇಂತಿ,
ನಿಮ್ಮ ಕಾಲೇಜಿನ ವಿದ್ಯಾರ್ಥಿನಿ, ನಿಮ್ಮ ಕ್ಷೇತ್ರದ ಮತದಾರಳು