ಸಯಾನ್ ಬಂದಿಲ್ಲ

ಲಗ್ಗೆರೆಯ ನಮ್ಮ ಕ್ರಾಸಿನಲ್ಲಿ ಬೆಳಿಗ್ಗೆ ಹಾಲು ತರಲು ಹೊರಟವರು ಮೂಲೆಮನೆ ಅಂಕಲ್‌ರನ್ನು "ಏನ್ ಸಾರ್, ಆರಾಮಾ?" ಎಂದು ಕೇಳಿದರೆ ಅವರ ಬಿಪಿ, ಮಂಡಿನೋವಿನ ಸುದ್ದಿ ಬರುವುದೇ ಇಲ್ಲ. "ಮಿಕ್ಕಿದ್ದೆಲ್ಲ ಪರವಾಗಿಲ್ಲ. ಸಯಾನ್ ಒಂದು ಬಂದಿಲ್ಲ" ಎನ್ನುತ್ತಾರೆ. ಅವರ ಮೇಲ್ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಕುಣಿಗಲ್ ಕಡೆಯ ಹೆಂಗಸು, ಸಯಾನ್ ಅಂದರೆ ಹೊರದೇಶದಲ್ಲಿರುವ ಮೊಮ್ಮಗನೇ ಇರಬೇಕೆಂದು ತಿಳಿದು, "ಬರ್ತಾನೆ ಬಿಡಿ ಸಾರ್, ಹಬ್ಬಕ್ಕಾದ್ರೂ ಬರ್ದೆ ಇರ್ತಾನಾ" ಎಂದು ಸಮಾಧಾನ ಹೇಳಿದರಂತೆ. ಅಂಕಲ್‌ಗೆ ಕಣ್ಣು ತುಂಬಿಬಂತು. ಅವರ ಪ್ರಿಂಟರನ್ನು ಅಷ್ಟು ಅಕ್ಕರೆಯಿಂದ ಅದುವರೆಗೆ ಯಾರೂ ವಿಚಾರಿಸಿರಲಿಲ್ಲ.

ಇಂಥವರು ಬೀದಿಗೊಬ್ಬರು ಇದ್ದೇ ಇರುತ್ತಾರೆ. ನಮ್ಮ ಕಡೆ ಸ್ವಲ್ಪ ಜಾಸ್ತಿ, ಅದಕ್ಕೆ ಕಾರಣ ಪಕ್ಕದ ಪೀಣ್ಯ. ಲೇತು, ಮಿಲ್ಲಿಂಗು, ಗ್ರೈಂಡಿಂಗು ಅಂತ ಆಯುಷ್ಯ ಸವೆಸಿ, ಟ್ವೆಂಟಿ-ಥರ್ಟಿ ಸೈಟಿನಲ್ಲಿ ಮೂರಂತಸ್ತು ಎಬ್ಬಿಸಿ, ಕೆಳಗೆ ತಾವಿದ್ದು ಮೇಲಿನದನ್ನು ಬಾಡಿಗೆಗೆ ಬಿಟ್ಟು ರಿಟೈರಾದ ಗಂಡಸರ ಕೈ ಸುಮ್ಮನೆ ಕೂರುವುದಿಲ್ಲ. ಒಬ್ಬರು ಕಂಡವರ ಮಿಕ್ಸಿ ಬಿಚ್ಚುತ್ತಾರೆ, ಇನ್ನೊಬ್ಬರು ಸಂಪಿನ ಮೋಟರು. ನಮ್ಮ ಅಂಕಲ್ ಟೂಲ್‌ರೂಮಿನ ಇನ್‌ಸ್ಪೆಕ್ಷನ್‌ನಲ್ಲಿದ್ದವರು, ಮೈಕ್ರಾನ್ ಲೆಕ್ಕದಲ್ಲಿ ಬಾಳಿದವರು. ಅವರಿಗೆ ಸಂಪಿನ ಮೋಟರು ತೀರ ಒರಟು. ಅವರ ಅಂತಸ್ತಿಗೆ ತಕ್ಕ ತಂಟೆ ಒದಗಿಸಿದ್ದು, ಮಗ ಹೊರದೇಶಕ್ಕೆ ಹೊರಡುವಾಗ ಬಿಟ್ಟುಹೋದ ಆರು ಬಣ್ಣದ ಫೋಟೋ ಪ್ರಿಂಟರು. ಆಂಟಿಯ ಹಳೇ ಸೀರೆಯಲ್ಲಿ ಹೊಲಿಸಿದ ಕವರು ಹೊದ್ದು ಅದು ಹಾಲಿನಲ್ಲಿ ಇನ್‌ವರ್ಟರ್ ಪಕ್ಕ ಕೂತಿದೆ. ಪಕ್ಕೆಯಲ್ಲಿ ಆರು ಇಂಕ್ ಟ್ಯಾಂಕು, ಟ್ಯಾಂಕಿನಿಂದ ಒಳಗೆ ಆರು ಸಣ್ಣ ಪೈಪು.

ಆರು ಬಣ್ಣ ಯಾವುವು ಎಂದು ಕೇಳುವ ಧೈರ್ಯ ಮಾಡಿದವರಿಗೆ ಅಂಕಲ್ ಮೊದಲು ಕಾಫಿ ತರಿಸುತ್ತಾರೆ, ಅಷ್ಟು ಹೊತ್ತಿನ ವಿಷಯ ಅದು. ಬ್ಲ್ಯಾಕ್, ಸಯಾನ್, ಮಜೆಂಟಾ, ಯೆಲ್ಲೋ. ಮುಖದ ಚರ್ಮ, ತಿಳಿ ಆಕಾಶ, ಇಂಥ ಕಡೆ ಚುಕ್ಕೆ ಚುಕ್ಕೆ ಕಾಣದಿರಲಿ ಎಂದು ಲೈಟ್ ಸಯಾನ್, ಲೈಟ್ ಮಜೆಂಟಾ. ಇವೆಲ್ಲ ಹೊರಬೀಳುವುದು ಕೂದಲೆಳೆಗಿಂತ ಸಣ್ಣ ತೂತುಗಳಿಂದ. ಬೀಳುವ ಹನಿಯನ್ನು ಅಳೆಯುವುದು ಪಿಕೋಲೀಟರಿನಲ್ಲಿ. ಒಂದು ಪಿಕೋಲೀಟರ್ ಅಂದರೆ ಒಂದು ಲೀಟರಿನಲ್ಲಿ ಲಕ್ಷ ಕೋಟಿಗೆ ಒಂದು ಪಾಲು. "ಲಕ್ಷ ಕೋಟಿ" ಎನ್ನುವಾಗ ಅಂಕಲ್ ಕಿಟಕಿಯಾಚೆ ವಿಧಾನಸೌಧದ ದಿಕ್ಕಿಗೆ ಒಮ್ಮೆ ನೋಡುತ್ತಾರೆ. ಅಂಥ ತೂತು ಕಟ್ಟಿಕೊಳ್ಳಲು ದೊಡ್ಡ ನೆಪವೇನೂ ಬೇಡ. ಮಾರ್ಚಿ ತಿಂಗಳ ಒಣಹವೆ ಸಾಕು, ನಾದಿನಿ ಮಗಳ ಮದುವೆಗೆಂದು ಊರಿಗೆ ಹೋಗಿ ನಾಲ್ಕು ದಿನ ಜಾಸ್ತಿ ಉಳಿದರೂ ಸಾಕು.

ಕಟ್ಟಿಕೊಂಡಿದ್ದು ಯಾವುದು ಎಂದು ತಿಳಿಯಲು ನಾಝಲ್ ಚೆಕ್ ಎಂಬ ಹಾಳೆ ತೆಗೆಯುತ್ತಾರೆ. ಬಣ್ಣಕ್ಕೊಂದರಂತೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಗೆರೆಗಳು. ಎಲ್ಲಿ ಗೆರೆ ತಪ್ಪಿದೆಯೋ ಅಲ್ಲಿ ತೂತು ಕಟ್ಟಿದೆ ಎಂದರ್ಥ. ಅಂಕಲ್ ಅದನ್ನು ಕಿಟಕಿ ಬೆಳಕಿಗೆ ಹಿಡಿದು, ಕನ್ನಡಕದ ಮೇಲೊಂದು ಭೂತಗನ್ನಡಿ ಇಟ್ಟು, ಜೋಯಿಸರು ಜಾತಕ ನೋಡುವ ಹಾಗೆ ತುಟಿ ಅಲ್ಲಾಡಿಸುತ್ತ ನೋಡುತ್ತಾರೆ. ನಡುವೆ ಯಾರೂ ಮಾತಾಡುವಂತಿಲ್ಲ. ಹಾಳೆಯ ಮೂಲೆಯಲ್ಲಿ ತಾರೀಕು ಬರೆದು, ತಂತಿಗೆ ಚುಚ್ಚಿ ಇಡುತ್ತಾರೆ. ಅವರ ಮನೆಯ ಕಂದಾಯದ ರಸೀದಿಗಳಿಗೆ ಆ ಯೋಗ ಇಲ್ಲ.

ಮುಖ ಕೆಂಪಾಗಿ ಬಂದರೆ ಸಯಾನ್ ಇಲ್ಲ, ಹಸಿರಾಗಿ ಬಂದರೆ ಮಜೆಂಟಾ ಇಲ್ಲ, ನೇರಳೆಯಾಗಿ ಬಂದರೆ ಯೆಲ್ಲೋ ಇಲ್ಲ. ಈ ಸೂತ್ರ ಬೀದಿಯ ಮಕ್ಕಳಿಗೆಲ್ಲ ಮಗ್ಗಿಗಿಂತ ಚೆನ್ನಾಗಿ ಬರುತ್ತದೆ. ಏಕೆಂದರೆ ಅವರ ಮುಖಗಳ ಮೇಲೇ ಅದು ಪ್ರಯೋಗವಾಗಿರುವುದು. ಶಾಲೆ ಅಡ್ಮಿಷನ್ ಶುರುವಾಗುವ ಹೊತ್ತಿಗೆ ಅಂಕಲ್ ಬಾಗಿಲಲ್ಲಿ ನಿಂತು, "ಸ್ಟುಡಿಯೋಗೆ ಯಾಕೆ ದುಡ್ಡು ಹಾಕ್ತೀರ, ನಾನಿಲ್ವಾ" ಎಂದು ಕರೆದು ಕರೆದು ಪಾಸ್‌ಪೋರ್ಟ್ ಸೈಜ್ ತೆಗೆದುಕೊಡುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಮುಟ್ಟುತ್ತಿದ್ದರೆ ಜನ ಜಗಳ ಆಡಬಹುದಿತ್ತು. ಆಟೋ ಓಡಿಸುವವರ ಮಗಳ ಫೋಟೋ ಹಸಿರಾಗಿ ಬಂದು, ಶಾಲೆಯ ಕ್ಲರ್ಕು "ಮಗೂಗೆ ಹುಷಾರಿಲ್ವಾ?" ಎಂದು ಕೇಳಿದ್ದಾರೆ. ತೀರಿಹೋದ ತಾತನೊಬ್ಬರ ಫೋಟೋ ದೊಡ್ಡದು ಮಾಡಿಸಿಕೊಂಡ ಮನೆಯಲ್ಲಿ ತಾತ ಕೆಂಪಗೆ, ಮೈತುಂಬಿಕೊಂಡು, ಹಾರ ಹಾಕಿದ ಮಕ್ಕಳಿಗಿಂತ ಗಟ್ಟಿಮುಟ್ಟಾಗಿ ಕಾಣುತ್ತಿದ್ದಾರೆ. ಅಜ್ಜಿ ಅದನ್ನು ಬದಲಾಯಿಸಲು ಬಿಟ್ಟಿಲ್ಲ.

ಎಲ್ಲಕ್ಕಿಂತ ದೊಡ್ಡದು ರಾಜ್ಯೋತ್ಸವದ ಪ್ರಕರಣ. ಲಗ್ಗೆರೆ ಬ್ರಿಡ್ಜ್ ಹತ್ತಿರದ ಹುಡುಗರು ಆಟೋಗಳಿಗೆ ಅಂಟಿಸಲು ಬಾವುಟದ ಸ್ಟಿಕರ್ ಬೇಕೆಂದು ಅಂಕಲ್ ಬಳಿ ಬಂದರು. ಮ. ರಾಮಮೂರ್ತಿಯವರು ಕೊಟ್ಟ ಹಳದಿ-ಕೆಂಪು ಬಾವುಟ. ಮೇಲೊಂದು ಬಣ್ಣ, ಕೆಳಗೊಂದು ಬಣ್ಣ, ಇದಕ್ಕಿಂತ ಸುಲಭದ ಚಿತ್ರ ಪ್ರಪಂಚದಲ್ಲಿ ಉಂಟೆ? ಆದರೆ ಆ ಪ್ರಿಂಟರಿನಲ್ಲಿ ಕೆಂಪು ಅನ್ನುವ ಶಾಯಿಯೇ ಇಲ್ಲ. ಯೆಲ್ಲೋ ಮೇಲೆ ಮಜೆಂಟಾ ಬಿದ್ದರೆ ಅದೇ ಕೆಂಪು. ಆ ರಾತ್ರಿ ಮಜೆಂಟಾ ಕೈಕೊಟ್ಟಿತು. ಬೆಳಿಗ್ಗೆ ಹುಡುಗರು ಬಂದು ನೋಡಿದರೆ ಕಟ್ಟು ಕಟ್ಟು ಸ್ಟಿಕರು, ಮೇಲೂ ಹಳದಿ, ಕೆಳಗೂ ಹಳದಿ. "ಅಂಕಲ್, ಕುಂಕುಮ ಎಲ್ಲಿ ಅಂಕಲ್? ಬರೀ ಅರಿಶಿನ ಐತೆ!" ಎಂದು ಒಬ್ಬ ಕೂಗಿದ. ಅಂಕಲ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಯೆಲ್ಲೋ ಎಷ್ಟು ಚೆನ್ನಾಗಿ ಬಂದೈತೆ ನೋಡ್ರೋ. ಒಂದು ಗೆರೆ ಇಲ್ಲ" ಎಂದರು. ಅಂಕಲ್ ನೋಡುವ ಕ್ರಮವೇ ಅದು. ಬಾವುಟ, ತಾತ, ಮದುವೆಹುಡುಗ, ಯಾವುದೂ ಅವರ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಆರು ಶಾಯಿ ಮಾತ್ರ. ಹುಡುಗರು ಕೊನೆಗೆ ಕೆಂಪು ಸ್ಕೆಚ್ ಪೆನ್ನು ಕೊಂಡು ಕೆಳಗಿನರ್ಧ ತುಂಬುತ್ತ ಕೂತರು.

ಕಪ್ಪು-ಬಿಳುಪು ಇನ್ನೂ ಕಷ್ಟ. ಫೋಟೋ ಪ್ರಿಂಟರು ಬೂದು ಬಣ್ಣವನ್ನು ಬರೀ ಕಪ್ಪಿನಿಂದ ಮಾಡುವುದಿಲ್ಲ, ಎಲ್ಲ ಬಣ್ಣವನ್ನೂ ಹದವಾಗಿ ಬೆರೆಸುತ್ತದೆ. ಒಂದು ಹೆಚ್ಚು ಕಡಿಮೆಯಾದರೆ ಇಡೀ ಚಿತ್ರಕ್ಕೆ ಅದರ ಛಾಯೆ. ಕಂಠೀರವ ಸ್ಟುಡಿಯೋ ನಮಗೆ ಕೂಗಳತೆ. ಏಪ್ರಿಲ್ 24ಕ್ಕೆ ಅಲ್ಲಿ ಅಣ್ಣಾವ್ರ ಸಮಾಧಿಗೆ ಜನ ಮುಗಿಬೀಳುತ್ತಾರೆ. ಒಂದು ವರ್ಷ ಅಂಕಲ್ ಭಕ್ತಿಯಿಂದ ಹಳೇ ಚಿತ್ರವೊಂದರ ಸ್ಟಿಲ್ ತೆಗೆದು ಹಂಚಲು ಹೋದರು. 1971ರಲ್ಲಿ ಕಪ್ಪು-ಬಿಳುಪಿನಲ್ಲಿ ಬಂದ 'ಕಸ್ತೂರಿ ನಿವಾಸ'ಕ್ಕೆ ಬಣ್ಣ ಬಳಿದು ಮತ್ತೆ ತೆರೆಗೆ ತಂದದ್ದು 2014ರಲ್ಲಿ. ನಮ್ಮ ಅಂಕಲ್ ಮನೆಯಲ್ಲಿ ಆ ಕೆಲಸ ಒಂದೇ ಕ್ಲಿಕ್ಕಿಗೆ, ಯಾರೂ ಕೇಳದೆಯೇ ಆಯಿತು.

ಇನ್ನು ಚಿಕಿತ್ಸೆ. ಬೋರ್‌ವೆಲ್ ನೀರು ಹತ್ತಿರ ಸುಳಿಯುವಂತಿಲ್ಲ. ಸ್ಟೀಲ್ ತಟ್ಟೆ ಮೇಲೇ ಬಿಳಿ ಕಲೆ ಬಿಡುವ ನೀರು ಆ ತೂತನ್ನು ಬಿಟ್ಟೀತೆ? ಹಾಗಾಗಿ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರು. ಅದನ್ನು ಉಗುರುಬೆಚ್ಚಗೆ ಕಾಯಿಸಲು ಆಂಟಿಯ ಒಗ್ಗರಣೆ ಸೌಟು. ತೂತಿಗೆ ಮೆಲ್ಲಗೆ ಬಿಡಲು ಸಿರಿಂಜು. ಮೆಡಿಕಲ್ ಸ್ಟೋರಿನವನು "ಯಾರಿಗೆ ಸಾರ್, ಶುಗರ್‌ಗಾ?" ಎಂದರೆ "ಇಲ್ಲಪ್ಪ, ಲೈಟ್ ಮಜೆಂಟಾಗೆ" ಎನ್ನುತ್ತಾರೆ. ಅವನು ಬರೆದುಕೊಂಡೂ ಇದ್ದಾನು. ಸಿರಿಂಜಿನ ಬಗ್ಗೆ ಯಾರಾದರೂ ನಕ್ಕರೆ ಒಂದು ಕಥೆ ಸಿದ್ಧವಿದೆ. 1977ರಲ್ಲಿ ಜಪಾನಿನ ಕೆನಾನ್ ಕಂಪನಿಯಲ್ಲಿ ಸಂಶೋಧಕರೊಬ್ಬರ ಕಾದ ಸಾಲ್ಡರಿಂಗ್ ಐರನ್ನು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ ತಗುಲಿ, ತುದಿಯಿಂದ ಶಾಯಿ ಚಿಮ್ಮಿತು. ಬಬಲ್ ಜೆಟ್ ಹುಟ್ಟಿದ್ದು ಅಲ್ಲಿಂದ. "ಅವರ ಮನೆಯೋರೂ ಬೈದಿರ್ತಾರೆ" ಎಂದು ಅಂಕಲ್ ಅಡುಗೆಮನೆಗೆ ಕೇಳಿಸುವಂತೆ ಸೇರಿಸುತ್ತಾರೆ.

ಇಷ್ಟೆಲ್ಲದರ ಗುರುತು ಉಳಿಯುವುದು ಅವರ ಬೆರಳಿನಲ್ಲಿ. ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯ ಅಳಿಸಲಾಗದ ಶಾಯಿ 1962ರಿಂದ ದೇಶದ ಮತದಾರರ ಬೆರಳಿಗೆ ಬೀಳುತ್ತಿದೆ, ತಲೆಗೆ ಒಂದೇ ಬೆರಳು. ನಮ್ಮ ಅಂಕಲ್ ಹೋದ ಚುನಾವಣೆಯಲ್ಲಿ ಮತಗಟ್ಟೆಯ ಟೇಬಲ್ಲಿನ ಮೇಲೆ ಕೈ ಚಾಚಿದಾಗ ಹತ್ತು ಬೆರಳೂ ಮೊದಲೇ ಮತ ಹಾಕಿ ಬಂದಿದ್ದವು. ಏಜೆಂಟರು ಎದ್ದು ನಿಂತರು. ಅಂಕಲ್ ಒಂದೊಂದೇ ಬೆರಳು ತೋರಿಸಿ ಇದು ಯೆಲ್ಲೋ, ಇದು ಬ್ಲ್ಯಾಕ್ ಎಂದು ವಿವರಿಸುವಷ್ಟರಲ್ಲಿ ಹಿಂದಿನ ಸಾಲು ಗೇಟು ದಾಟಿತ್ತು.

ತೂತು ಬಿಡಿಸಲು ಪ್ರಿಂಟರಿನಲ್ಲೇ ಹೆಡ್ ಕ್ಲೀನಿಂಗ್ ಎಂಬ ಗುಂಡಿ ಇದೆ. ಒತ್ತಿದರೆ ಒಳಗಿನ ಪಂಪು ಆರೂ ಬಣ್ಣವನ್ನು ಹೀರಿ ಅಡಿಯಲ್ಲಿರುವ ಫೆಲ್ಟ್ ಪ್ಯಾಡಿಗೆ ಸುರಿಯುತ್ತದೆ. ಶಾಯಿ ಬರುತ್ತಿದೆಯೋ ಇಲ್ಲವೋ ನೋಡುವುದಕ್ಕೇ ಶಾಯಿ ತೀರುತ್ತದೆ. ಎಸ್.ಪಿ. ರೋಡಿನಿಂದ ತಂದ ಬಾಟಲಿಯಲ್ಲಿ ಕಾಗದ ಕಂಡದ್ದಕ್ಕಿಂತ ಪ್ಯಾಡು ಕುಡಿದದ್ದೇ ಹೆಚ್ಚು ಎಂದು ನನ್ನ ಲೆಕ್ಕ. ಒಂದು ದಿನ ಪ್ಯಾಡು ತುಂಬಿತೆಂದು ಪ್ರಿಂಟರು ಕೆಂಪು ದೀಪ ಮಿಟುಕಿಸಿ ಮುಷ್ಕರ ಹೂಡಿತು. ಅಂಕಲ್ ಪ್ಯಾಡು ಬಿಚ್ಚಿ ತಾರಸಿಯಲ್ಲಿ ತೊಳೆದರು. ಮಳೆನೀರಿನ ಪೈಪಿನಲ್ಲಿ ರಸ್ತೆಗೆ ಓಕುಳಿ ಇಳಿಯಿತು. ಪ್ಯಾಡು ಒಣಗಿಸಿ ಹಾಕಿದರೂ ದೀಪ ಆರಲಿಲ್ಲ. ಏಕೆಂದರೆ ಪ್ರಿಂಟರು ಪ್ಯಾಡನ್ನು ಮುಟ್ಟಿ ನೋಡುವುದಿಲ್ಲ, ಎಷ್ಟು ಸುರಿದೆ ಎಂದು ಮನಸ್ಸಿನಲ್ಲೇ ಎಣಿಸುತ್ತದೆ. ಆ ಎಣಿಕೆ ಸೊನ್ನೆ ಮಾಡಲು ಬೇರೆ ಸಾಫ್ಟ್‌ವೇರು, ಅದಕ್ಕೆ ಬೇರೆ ದುಡ್ಡು. "ತೊಳೆದೋನು ನಾನು, ಕಾಸು ಅವನಿಗಾ?" ಎಂದು ಅಂಕಲ್ ವಾರವಿಡೀ ಕುದಿದರು. ನನಗೂ ಇದರಲ್ಲಿ ಅವರ ಪಕ್ಷವೇ.

ಮನೆಯೊಳಗಿನ ಯುದ್ಧ ನಡೆಯುವುದು ಸ್ವಿಚ್ಚಿನ ಸುತ್ತ. ಪ್ರಿಂಟರನ್ನು ಅದರದೇ ಗುಂಡಿಯಿಂದ ಆರಿಸಿದರೆ ಹೆಡ್ಡು ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ, ಒಣಗುವುದಿಲ್ಲ. ಗೋಡೆಯ ಸ್ವಿಚ್ಚು ತಟ್ಟಿದರೆ ಅರ್ಧ ದಾರಿಯಲ್ಲಿ ಬಾಯಿ ತೆರೆದು ನಿಂತುಬಿಡಬಹುದು. ಆಂಟಿಗೆ ಮೊಬೈಲ್ ಚಾರ್ಜಿಗೆ ಬೇಕಾಗುವುದು ಸರಿಯಾಗಿ ಅದೇ ಪ್ಲಗ್ಗು.

"ಯಾರೇ ಆಫ್ ಮಾಡಿದ್ದು?"

"ಬೆಸ್ಕಾಂನೋರು" ಎನ್ನುತ್ತಾರೆ ಆಂಟಿ, ಕೈಯಲ್ಲಿ ಚಾರ್ಜರ್ ಹಿಡಿದುಕೊಂಡೇ.

ತೂತು ಒಣಗದಿರಲು ಆಗಾಗ ಎಲ್ಲ ಬಣ್ಣವೂ ಓಡುವ ಒಂದು ಚಿತ್ರ ತೆಗೆಯುತ್ತಿರಬೇಕು. ಅದಕ್ಕೆಂದು ಅಂಕಲ್ ಒಂದು ಗಿಳಿ ಇಟ್ಟುಕೊಂಡಿದ್ದಾರೆ. ಪ್ರತಿ ಭಾನುವಾರ ಸ್ನಾನವಾದ ಮೇಲೆ ಗಿಳಿ. ಹಸಿರು ಅಂದರೆ ಸಯಾನ್ ಮತ್ತು ಯೆಲ್ಲೋ. ಯೆಲ್ಲೋ ಕಟ್ಟಿದ ವಾರ ಗಿಳಿ ನೀಲಿ, ಸಯಾನ್ ಕಟ್ಟಿದ ವಾರ ಹಳದಿ. ಈ ಗಿಳಿಗಳನ್ನು ಆಂಟಿ ಬಿಸಾಡುವುದಿಲ್ಲ. ದಪ್ಪ ಕಾಗದ, ಅಡುಗೆಮನೆಯ ಗೂಡುಗಳಿಗೆ ಹಾಸಿದ್ದಾರೆ. ಬೇಳೆ ಡಬ್ಬ ಎತ್ತಿದರೆ ನೀಲಿ ಗಿಳಿ, ಉಪ್ಪಿನಕಾಯಿ ಜಾಡಿ ಸರಿಸಿದರೆ ಹಳದಿ ಗಿಳಿ. ಅವರು ಕಾಲ ಹೇಳುವುದೂ ಗಿಳಿ ಲೆಕ್ಕದಲ್ಲೇ: "ಸೊಸೆ ಬಂದು ಹೋದಾಗ ನೀಲಿ ಗಿಳಿ ಬರ್ತಿತ್ತಲ್ಲ, ಆಗ ಕೊಂಡಿದ್ದು ಈ ಕುಕ್ಕರು."

ಮಗನಿಗೆ ತಡೆಯಲಾಗಲಿಲ್ಲ. ಅಲ್ಲಿಂದಲೇ ಆರ್ಡರ್ ಮಾಡಿ ಹೊಸ ಪ್ರಿಂಟರು ಮನೆಗೆ ಕಳಿಸಿದ. ಅಂಕಲ್ ಡಬ್ಬ ಬಿಚ್ಚಿ, ಅದರೊಳಗಿನ ಹೊಸ ಶಾಯಿ ಬಾಟಲಿಗಳನ್ನು ಮಾತ್ರ ಹೊರತೆಗೆದು, ಡಬ್ಬ ಮುಚ್ಚಿದರು. ಒಂದು ಬಣ್ಣ ಇನ್ನೊಂದರ ಟ್ಯಾಂಕಿಗೆ ಬೀಳದಿರಲೆಂದು ಆ ಬಾಟಲಿಗಳ ಮೂತಿಯನ್ನೇ ಬೇರೆ ಬೇರೆ ಆಕಾರ ಮಾಡಿದ್ದರು. ಅಂಕಲ್ ಹ್ಯಾಕ್ಸಾ ಬ್ಲೇಡಿನಿಂದ ಮೂತಿ ಕೊಯ್ದು, ಹಳೆಯದಕ್ಕೆ ಸುರಿದರು. ಫೋನಿನಲ್ಲಿ ಮಗ ಕೇಳಿದರೆ "ಇಂಕು ಫಸ್ಟ್ ಕ್ಲಾಸ್ ಕಣಪ್ಪ" ಎಂದರು. ಸುಳ್ಳೇನಲ್ಲ.

ಆ ಹೊಸ ಶಾಯಿ ಬಿದ್ದ ಹೊಸತರಲ್ಲೇ ಮೇಲ್ಮನೆ ಹೆಂಗಸಿನ ಮಗಳು ಆಸ್ಪತ್ರೆಯಿಂದ ಎಳೆಗೂಸಿನೊಂದಿಗೆ ಬಾಣಂತನಕ್ಕೆ ಬಂದಳು. ಮಗುವಿನ ಮೊದಲ ಫೋಟೋ ಅಂಕಲ್‌ದೇ. ಪ್ರಿಂಟಿನಲ್ಲಿ ಮುಖ ಹಳದಿ ಹೊಡೆಯುತ್ತಿತ್ತು. ಸ್ಲೈಡರಿನಲ್ಲಿ ಯೆಲ್ಲೋ ಇಳಿಸಿದರು, ಮತ್ತೂ ಇಳಿಸಿದರು. ಮಗುವಿಗೆ ಹೊದಿಸಿದ ಬಿಳಿ ಬಟ್ಟೆ ನೀಲಿಯಾಯಿತು, ಮಗು ಹಳದಿಯೇ. ಹೆಡ್ ಕ್ಲೀನಿಂಗ್ ಮಾಡಿದರು. ನಾಝಲ್ ಚೆಕ್ ತೆಗೆದು ಕಿಟಕಿಗೆ ಹಿಡಿದರು. ಆರು ಬಣ್ಣದಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಅಂಕಲ್ ಬಹಳ ಹೊತ್ತು ಭೂತಗನ್ನಡಿ ಇಳಿಸಲಿಲ್ಲ. ಆಮೇಲೆ ಮೆಟ್ಟಿಲ ಬಳಿ ನಿಂತು ಮೇಲಕ್ಕೆ ಕೂಗಿದರು: "ಪ್ರಿಂಟರ್ ಸರಿಯಾಗೈತೆ ಕಣಮ್ಮ. ಮಗೂನೇ ಹಳದಿ!"

ಆಟೋ ಹಿಡಿದು ಓಡಿದರು. ಕಾಮಾಲೆ ಎಂದ ಡಾಕ್ಟರು ಮಗುವನ್ನು ನೀಲಿ ಬೆಳಕಿನಡಿ ಮಲಗಿಸಿದರು. ಮಗು ಹುಷಾರಾಗಿ ಮನೆಗೆ ಬಂತು. ನೀಲಿ ಬೆಳಕಿನ ಸುದ್ದಿ ಕೇಳಿ ಅಂಕಲ್‌ಗೆ ಆಶ್ಚರ್ಯವೇನೂ ಆಗಲಿಲ್ಲ. "ಯೆಲ್ಲೋ ಹೆಚ್ಚಾದ್ರೆ ನೀಲಿ ಕೊಡಬೇಕು. ನಾನೂ ಸ್ಲೈಡರಿನಲ್ಲಿ ಅದನ್ನೇ ಮಾಡಿದ್ದೆ" ಎಂದರು.

ಅಲ್ಲಿಂದೀಚೆಗೆ ಚೌಡೇಶ್ವರಿ ನಗರದಿಂದಲೂ ಬಾಣಂತಿಯರು ಕೂಸು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮೊನ್ನೆಯೂ ಒಬ್ಬಳು ಬಂದಿದ್ದಳು. ಅಂಕಲ್ ಸೀರೆ ಕವರು ತೆಗೆಯುತ್ತ, "ಇರಮ್ಮ, ಮೊದಲು ಗಿಳಿ ತೆಗೀತೀನಿ. ಅದು ಹಸಿರಾಗಿ ಬಂದ ಮೇಲೆ ಮಗು" ಎಂದರು.

ಅಡುಗೆಮನೆಯಿಂದ ಆಂಟಿ ಕೂಗಿದರು: "ಗಿಳಿ ಹಸಿರಾಗೋ ಅಷ್ಟ್ರಲ್ಲಿ ನಿನ್ನ ಮಗು ಸ್ಕೂಲಿಗೆ ಹೋಗುತ್ತೆ ಕಣಮ್ಮ. ಡಾಕ್ಟ್ರ ಹತ್ರ ಕರ್ಕೊಂಡ್ ಹೋಗು."