48 ಗಂಟೆಯ ಡೈರೆಕ್ಟರು

ಸೋಮವಾರದಿಂದ ಶುಕ್ರವಾರ ಮಧ್ಯಾಹ್ನದವರೆಗೆ ಆತ ಔಟರ್ ರಿಂಗ್ ರೋಡಿನ ಯಾವುದೋ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರು. ಆಮೇಲೆ ಡೈರೆಕ್ಟರು. ಈ ಅವತಾರಕ್ಕೆ ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಒಂದು ಕಪ್ಪು ಟೀ ಶರ್ಟು, ಕುತ್ತಿಗೆಗೆ ನೇತುಹಾಕಿಕೊಂಡ ಹೆಡ್‌ಫೋನು (ಅದರ ಇನ್ನೊಂದು ತುದಿ ಎಲ್ಲಿಗೂ ಸೇರಿರುವುದಿಲ್ಲ), ಎರಡೂ ಕೈಯ ಬೆರಳು ಜೋಡಿಸಿ ಚೌಕ ಮಾಡಿ ಅದರೊಳಗಿಂದ ಲೋಕ ನೋಡುವ ಅಭ್ಯಾಸ. ದರ್ಶಿನಿಯಲ್ಲಿ ನೀವು ಇಡ್ಲಿ ಮುರಿಯುತ್ತಿದ್ದರೆ ಆ ಚೌಕ ನಿಮ್ಮ ಮೇಲೆ ಬಂದು ನಿಲ್ಲುತ್ತದೆ. ‘ಸಾರ್, ಅಲ್ಲಾಡಬೇಡಿ, ಲೈಟ್ ಎಷ್ಟು ಚೆನ್ನಾಗಿ ಬಿದ್ದಿದೆ!’ ನೀವು ಅಲ್ಲಾಡದೆ ಕೂರುತ್ತೀರಿ. ಸಾಂಬಾರು ಆರುತ್ತದೆ.

ಆತನ ಬಳಿ ಕಥೆ ಇದೆ. ಮಲೆನಾಡಿನ ಒಂಟಿ ಮನೆ, ನಿವೃತ್ತ ಮೇಷ್ಟ್ರು, ಅಮೆರಿಕದಲ್ಲಿರುವ ಮಗ, ಬಾರದ ಫೋನು, ಬಿಡದ ಮಳೆ. ಹೆಸರು ‘ಅಸ್ತಿತ್ವ’. ಒಂದೇ ಸಾಲಿನ ಕಥೆ ಎಂದು ಶುರುಮಾಡಿ ಮುಕ್ಕಾಲು ಗಂಟೆ ಹೇಳುತ್ತಾನೆ. ಮೂರು ವರ್ಷದಿಂದ ಹೇಳುತ್ತಲೇ ಇದ್ದಾನೆ. ಮೊದಲ ವರ್ಷ ಮಳೆ ಸರಿಯಾಗಿ ಆಗಲಿಲ್ಲ ಅಂತ ಶೂಟಿಂಗ್ ನಿಂತಿತು. ಮರುವರ್ಷ ಮಳೆ ಜಾಸ್ತಿಯಾಯಿತು ಅಂತ ನಿಂತಿತು. ಮೂರನೆಯ ವರ್ಷ ಮಳೆ ಹದವಾಗಿ ಬಂತು. ಆಗ ಸ್ಕ್ರಿಪ್ಟ್ ಬರೆದಿಲ್ಲ ಎಂಬುದು ಬೆಳಕಿಗೆ ಬಂತು.

ಇಂಥವರಿಗೆಂದೇ 2001ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಇಬ್ಬರು ಪುಣ್ಯಾತ್ಮರು ಒಂದು ಸ್ಪರ್ಧೆ ಹುಟ್ಟುಹಾಕಿದರು. ‘48 ಅವರ್ ಫಿಲ್ಮ್ ಪ್ರಾಜೆಕ್ಟ್’ ಅಂತ ಹೆಸರು. ಶುಕ್ರವಾರ ಸಂಜೆ ಶುರು, ಭಾನುವಾರ ಸಂಜೆ ಮುಕ್ತಾಯ. ಕಥೆ ಬರೆಯುವುದು, ನಟರಿಗೆ ಕಲಿಸುವುದು, ಶೂಟಿಂಗು, ಎಡಿಟಿಂಗು, ಸಂಗೀತ ಎಲ್ಲವೂ ಅಷ್ಟರೊಳಗೇ ಆಗಬೇಕು. ಚಿತ್ರ 4 ನಿಮಿಷಕ್ಕೆ ಕಮ್ಮಿ ಇರಬಾರದು, 7 ನಿಮಿಷ ದಾಟಬಾರದು. ಮನೆಯಲ್ಲಿ ಮೊದಲೇ ಮಾಡಿಟ್ಟದ್ದನ್ನು ತಂದು ಬಡಿಸಬಾರದು ಅಂತ ಒಂದು ಬೀಗವನ್ನೂ ಜಡಿದಿದ್ದಾರೆ. ಯಾವ ಜಾತಿಯ ಚಿತ್ರ ಎಂಬುದನ್ನು ಶುಕ್ರವಾರ ಚೀಟಿ ಎತ್ತಿಯೇ ತಿಳಿಯಬೇಕು. ಜೊತೆಗೆ ಅವರು ಹೇಳಿದ ಒಂದು ಪಾತ್ರ, ಒಂದು ವಸ್ತು, ಒಂದು ಮಾತು ಚಿತ್ರದೊಳಗೆ ಬರಲೇಬೇಕು. ಈ ಸ್ಪರ್ಧೆ ಬೆಂಗಳೂರಿಗೂ ಬಂತು. 2011ರಲ್ಲಿ ಶುರುವಾದ ಇಂಡಿಯಾ ಫಿಲ್ಮ್ ಪ್ರಾಜೆಕ್ಟಿನವರು ಇನ್ನಷ್ಟು ಧಾರಾಳಿಗಳು, 50 ಗಂಟೆ ಕೊಟ್ಟರು. ಆ ಹೆಚ್ಚಿನ ಎರಡು ಗಂಟೆಯನ್ನು ನಮ್ಮ ಡೈರೆಕ್ಟರು ತಂಡಕ್ಕೆ ಹೆಸರಿಡಲು ಬಳಸಿಕೊಂಡ.

ಚೀಟಿಯಲ್ಲಿ ಹಾರರ್ ಬಂತೆನ್ನಿ. ಪಾತ್ರ ಒಬ್ಬ ಯೋಗ ಮೇಷ್ಟ್ರು, ವಸ್ತು ಏಣಿ, ಮಾತು ‘ನಾನು ಆಗಲೇ ಹೇಳಿದ್ದೆ’. ಉಳಿದ ತಂಡಗಳು ತಲೆ ಮೇಲೆ ಕೈ ಹೊತ್ತು ಕೂತಾಗ ನಮ್ಮವನ ಮುಖದಲ್ಲಿ ಮಾತ್ರ ಮಂದಹಾಸ. ‘ಮಗಾ, ಇದು ಅಸ್ತಿತ್ವನೇ! ಮೇಷ್ಟ್ರು ರಿಟೈರ್ ಆದ್ಮೇಲೆ ಯೋಗ ಹೇಳ್ಕೊಡ್ತಾರೆ. ಮಗ ಸತ್ತುಹೋಗಿದಾನೆ, ಆದ್ರೂ ಫೋನ್ ಬರುತ್ತೆ. ಏಣಿ ಸಿಂಬಾಲಿಕ್.’ ಯಾವುದರ ಸಿಂಬಲ್ ಅಂತ ಯಾರೂ ಕೇಳುವುದಿಲ್ಲ, ಅಷ್ಟು ಸಮಯವಿಲ್ಲ. ಮಲೆನಾಡಿನ ಒಂಟಿ ಮನೆ ಬನಶಂಕರಿಯ ಎರಡನೇ ಮಹಡಿಯ ಬಾಡಿಗೆ ಮನೆಯಾಗುತ್ತದೆ. ಮಳೆ ಬಚ್ಚಲುಮನೆಯ ಷವರಿನಿಂದ ಸುರಿಯುತ್ತದೆ. ಕರೆಂಟು ಹೋದರೆ ಕತ್ತಲೆ ಪುಕ್ಕಟೆ.

ಇಷ್ಟು ಕಡಿಮೆ ಸಮಯದಲ್ಲಿ ಆಗುತ್ತದೇನಪ್ಪ ಅಂದರೆ ಆತನ ಬಳಿ ನಜೀರು ಸಿದ್ಧವಿದೆ. ನಮ್ಮ ಮೈಸೂರಿನ ಚಿದಾನಂದ ನಾಯ್ಕ್ ಎಂಬಿಬಿಎಸ್ ಮಾಡಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ, ಊರಿನ ಹುಂಜವನ್ನೇ ಕದ್ದ ಅಜ್ಜಿಯ ಜನಪದ ಕಥೆಯಿಟ್ಟುಕೊಂಡು ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಕನ್ನಡ ಕಿರುಚಿತ್ರ ಮಾಡಿದರಲ್ಲ, ಚಿತ್ರೀಕರಣ ಮುಗಿದದ್ದು ನಾಲ್ಕೇ ದಿನದಲ್ಲಿ. 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ, 15,000 ಯೂರೋ. ‘ನಾಲ್ಕು ದಿನಕ್ಕೆ 16 ನಿಮಿಷದ ಸಿನಿಮಾ. ತ್ರೈರಾಶಿ ಹಾಕಿ ನೋಡಿ ಸಾರ್, ಎರಡು ದಿನಕ್ಕೆ ಎಂಟು ನಿಮಿಷ. ನಮಗೆ ಬೇಕಾಗಿರೋದು ಏಳೇ. ಒಂದು ನಿಮಿಷ ಉಳಿಯುತ್ತೆ!’ ಆ ನಾಲ್ಕು ದಿನದ ಹಿಂದೆ ಒಂದು ವರ್ಷದ ಕೋರ್ಸಿತ್ತು, ಕಲಿತ ಸಹಪಾಠಿಗಳಿದ್ದರು ಎಂಬುದು ಈ ತ್ರೈರಾಶಿಗೆ ಸೇರುವುದಿಲ್ಲ. ಹಾಲಿವುಡ್ಡಿನ ರೋಜರ್ ಕೊರ್ಮನ್ 1960ರ ‘ದ ಲಿಟಲ್ ಶಾಪ್ ಆಫ್ ಹಾರರ್ಸ್’ ಚಿತ್ರದ ಮುಖ್ಯ ಭಾಗವನ್ನು ಎರಡೇ ದಿನದಲ್ಲಿ ತೆಗೆದದ್ದೂ ಈತನಿಗೆ ಬಾಯಿಪಾಠ. ಅದಕ್ಕೂ ಮುಂಚೆ ಮೂರು ದಿನ ರಿಹರ್ಸಲ್ ನಡೆದಿತ್ತು ಎಂಬ ಪುಟವನ್ನು ಮಾತ್ರ ತಿರುವಿಹಾಕಿದ್ದಾನೆ.

ಕ್ಯಾಮೆರಾಮನ್ ಮದುವೆ ವಿಡಿಯೋದವನು. ಸ್ಪರ್ಧೆಯನ್ನು ಆಷಾಢದಲ್ಲಿ ಇಟ್ಟಿದ್ದರೆ ಸುಲಭಕ್ಕೆ ಸಿಗುತ್ತಿದ್ದ. ಈಗ ಶನಿವಾರ ಬೆಳಿಗ್ಗೆ ಒಂದು ಧಾರೆ ಮುಗಿಸಿ, ಊಟ ಮಾಡಿಕೊಂಡು, ತಾಂಬೂಲದ ಕಾಯಿ ಸಮೇತ ಸೆಟ್ಟಿಗೆ ಬರುತ್ತಾನೆ. ಕಣ್ಣು ಪಳಗಿರುವುದು ಅಲ್ಲಿಯೇ ಆದ್ದರಿಂದ ದೆವ್ವವನ್ನೂ ಸ್ಲೋ ಮೋಷನ್ನಿನಲ್ಲಿ, ಹಿನ್ನೆಲೆ ಮಸುಕು ಮಾಡಿ, ಕೆಳಗಿನಿಂದ ಮೇಲಕ್ಕೆ ತೋರಿಸುತ್ತಾನೆ. ದೆವ್ವ ಆರತಕ್ಷತೆಗೆ ನಿಂತ ಹಾಗೆ ಕಾಣುತ್ತದೆ.

ಮೇಷ್ಟ್ರ ಪಾತ್ರಕ್ಕೆ ಹವ್ಯಾಸಿ ರಂಗಭೂಮಿಯ ಹಿರಿಯರು. ಸಂಬಳ ಕೇಳುವುದಿಲ್ಲ, ಆದರೆ ಹೊರಡುವ ಹೊತ್ತು ಮೊದಲೇ ಹೇಳಿಬಿಟ್ಟಿರುತ್ತಾರೆ. ಶನಿವಾರ ಸಂಜೆ ರಂಗಶಂಕರದಲ್ಲಿ ಅವರ ನಾಟಕ, ಏಳೂವರೆಗೆ. ಅಲ್ಲಿ ಏಳೂವರೆ ಅಂದರೆ ಏಳೂವರೆಯೇ. ತಡವಾಗಿ ಬಂದ ಪ್ರೇಕ್ಷಕನನ್ನೇ ಒಳಗೆ ಬಿಡದ ಜಾಗದಲ್ಲಿ ನಟ ತಡಮಾಡಲು ಉಂಟೆ? ಆದ್ದರಿಂದ ಮೇಷ್ಟ್ರು ಕೊನೆಯ ದೃಶ್ಯದಲ್ಲಿ ಮೊದಲು ಸಾಯುತ್ತಾರೆ, ಮಿಕ್ಕಿದ್ದು ಬದುಕಿಸಿ ತೆಗೆಯಬೇಕು. ಒಂದೇ ತೊಡಕೆಂದರೆ ಅವರ ಗಂಟಲು ಹಿಂದಿನ ಸಾಲಿನವರೆಗೆ ಮುಟ್ಟುವಂಥದ್ದು. ‘ಯಾರದು...’ ಎಂದು ಪಿಸುಗುಟ್ಟಿ ಅಂದರೆ ಕೆಳಗಿನ ಮನೆಯವರು ‘ನಾವೇ ಸಾರ್, ಏನಾಯ್ತು?’ ಅನ್ನುತ್ತಾರೆ.

ಬೆಂಗಳೂರಿನಲ್ಲಿ ಎರಡು ನಿಮಿಷದ ನಿಶ್ಶಬ್ದ ಹುಡುಕುವುದು ಕಥೆ ಹುಡುಕುವುದಕ್ಕಿಂತ ಕಷ್ಟ. ‘ರೋಲ್ ಸೌಂಡ್’ ಎಂದ ಕೂಡಲೇ ಕಸದ ಗಾಡಿ ಹಾಡಿಕೊಂಡು ಬರುತ್ತದೆ. ಅದು ಹೋದರೆ ಮೈಕಿನಲ್ಲಿ ದರ ಕೂಗಿಕೊಂಡು ಈರುಳ್ಳಿ ಗಾಡಿ. ಎದುರು ಸೈಟಿನಲ್ಲಿ ಟೈಲ್ಸ್ ಕತ್ತರಿಸುವವನ ಹತ್ತಿರ ಹೋಗಿ ಕೈಮುಗಿದು ಐದು ನಿಮಿಷ ಪಡೆದು ಬಂದರೆ ಒಳಗಿನಿಂದ ಕುಕ್ಕರ್ ಕೂಗುತ್ತದೆ.

‘ಏನೋ, ಈಗ ಮಿಕ್ಸಿ ಹಾಕ್ಲಾ?’

‘ಅಮ್ಮಾ, ರೋಲಿಂಗ್!’

‘ರೋಲಿಂಗೋ ಗೀಲಿಂಗೋ. ಹದಿನಾಲ್ಕು ಜನಕ್ಕೆ ಚಟ್ನಿ ನಾನು ಒರಳಲ್ಲಿ ರುಬ್ಬಕ್ಕಾಗುತ್ತಾ?’

ಈ ಅಮ್ಮನೇ ಚಿತ್ರದ ನಿರ್ಮಾಪಕಿ. ಊಟ ಅವರದು, ಮೇಷ್ಟ್ರು ಉಟ್ಟ ಪಂಚೆ ಅವರ ಯಜಮಾನರದು, ದೆವ್ವದ ಸೀರೆ ಅವರ ಮದುವೆಯದು, ಏಣಿ ಅವರು ಪಕ್ಕದ ಮನೆಯಿಂದ ಈಸಿಕೊಂಡು ಬಂದದ್ದು. ಟೈಟಲ್ ಕಾರ್ಡಿನಲ್ಲಿ ನಿರ್ಮಾಪಕ ಅಂತ ಬರುವುದು ಮಾತ್ರ ಪೆಟ್ರೋಲಿಗೆ ಸಾವಿರ ರೂಪಾಯಿ ಹಾಕಿದ ಗೆಳೆಯನ ಹೆಸರು.

ಸೌಂಡ್ ಹುಡುಗ ಅನುಭವಸ್ಥ. ಗುಂಯ್‌ಗುಡುವ ಫ್ರಿಜ್ ಆಫ್ ಮಾಡಿ ತನ್ನ ಬೈಕಿನ ಕೀಯನ್ನು ಅದರೊಳಗೆ ಇಡುತ್ತಾನೆ. ಮನೆಗೆ ಹೊರಡುವಾಗ ಕೀಗಾಗಿ ಬಾಗಿಲು ತೆಗೆಯಲೇಬೇಕು, ಆಗ ಆನ್ ಮಾಡುವುದು ನೆನಪಾಗುತ್ತದೆ. ಲೋಕದ ಸೌಂಡ್ ರೆಕಾರ್ಡಿಸ್ಟುಗಳೆಲ್ಲ ಬಲ್ಲ ಹಳೆಯ ಉಪಾಯ ಇದು. ಆದರೆ ಶನಿವಾರ ರಾತ್ರಿ ಡೈರೆಕ್ಟರು ಪ್ರೀತಿಯಿಂದ ಆತನನ್ನು ತನ್ನ ಬೈಕಿನಲ್ಲೇ ಮನೆಗೆ ಬಿಟ್ಟು ಬಂದದ್ದರಿಂದ ಭಾನುವಾರ ಬೆಳಿಗ್ಗೆ ಹಾಲು ಒಡೆದಿತ್ತು.

ಭಾನುವಾರ ಮಧ್ಯಾಹ್ನದ ಮೇಲೆ ಆಡಳಿತವೆಲ್ಲ ಎಡಿಟರ್ ಕೈಗೆ. ಜೋಡಿಸಿ ನೋಡಿದರೆ 19 ನಿಮಿಷ. ಇರಬೇಕಾದದ್ದು 7. ‘ಆಸ್ಕರ್‌ನವರು 40 ನಿಮಿಷದವರೆಗೂ ಶಾರ್ಟ್ ಫಿಲ್ಮ್ ಅಂತಾರೆ’ ಎಂದು ಡೈರೆಕ್ಟರು ವಾದಿಸುತ್ತಾನೆ. ಎಡಿಟರ್ ಉತ್ತರ ಕೊಡುವ ಸ್ಥಿತಿಯಲ್ಲಿರುವುದಿಲ್ಲ. ಕತ್ತರಿ ಆಡುತ್ತದೆ. ಮಗನ ಬಾಲ್ಯ ಹೋಯಿತು, ಡ್ರೋನ್ ಹೋಯಿತು (ನಾಲ್ಕು ಗೋಡೆಯೊಳಗಿನ ಕಥೆಗೆ ಡ್ರೋನ್ ಏಕೆ ಬಾಡಿಗೆಗೆ ತಂದರು ಎಂದು ಆಗ ಎಲ್ಲರಿಗೂ ಅನಿಸುತ್ತದೆ). ಪಾತ್ರ ಕೊಟ್ಟರೆ ಕಾರು ಕೊಡುತ್ತೇನೆ ಎಂದಿದ್ದ ದೊಡ್ಡಪ್ಪನ ಅಷ್ಟೂ ಅಭಿನಯ ಹೋಗಿ, ಕಾರಿನ ಬಾಗಿಲು ಹಾಕುವ ಅವರ ಎಡಗೈ ಉಳಿಯುತ್ತದೆ.

ಐದು ಗಂಟೆಗೆ ಟೈಟಲ್. ಕನ್ನಡದಲ್ಲಿ ‘ಅಸ್ತಿತ್ವ’ ಎಂದು ಹಾಕಿದರೆ ಎಡಿಟಿಂಗ್ ಸಾಫ್ಟ್‌ವೇರು ಒತ್ತಕ್ಷರ ಮುರಿದು ‘ಅಸ್‌ತಿತ್‌ವ’ ಎಂದು ತೋರಿಸುತ್ತದೆ. ಭಾರತೀಯ ಲಿಪಿಗಳಿಗೆಂದು ಸೆಟ್ಟಿಂಗಿನಲ್ಲಿ ಬೇರೆಯೇ ಆಯ್ಕೆ ಇದೆ, ಅದನ್ನು ಹಾಕಿದರೆ ಒತ್ತು ಸರಿಯಾಗಿ ಕೂರುತ್ತದೆ. ಆದರೆ ಭಾನುವಾರ ಐದು ಗಂಟೆಗೆ ಅದನ್ನು ಹುಡುಕುವ ತಾಳ್ಮೆ ಯಾರಿಗಿದೆ? ಹೆಸರು ಇಂಗ್ಲಿಷ್ ಅಕ್ಷರಕ್ಕೆ ತಿರುಗುತ್ತದೆ. ಕೇಳಿದವರಿಗೆ ಡೈರೆಕ್ಟರು ‘ಇಂಟರ್‌ನ್ಯಾಷನಲ್ ಆಡಿಯನ್ಸ್ ಇರ್ತಾರಲ್ಲ ಸಾರ್’ ಅನ್ನುತ್ತಾನೆ. ಕನ್ನಡ ಕಿರುಚಿತ್ರಗಳ ಹೆಸರುಗಳಲ್ಲಿ ಎಷ್ಟು ಹೀಗೆ ವಿಶ್ವಮಾನ್ಯವಾದವೋ!

ಕೊನೆಗೆ ರೆಂಡರ್. ಲ್ಯಾಪ್‌ಟಾಪಿನ ಫ್ಯಾನು ಶೂಟಿಂಗಿನಲ್ಲಿ ಕೇಳಿದ ಎಲ್ಲ ಸದ್ದನ್ನೂ ಮೀರಿಸುತ್ತದೆ. 97 ಪರ್ಸೆಂಟಿಗೆ ನಿಲ್ಲುತ್ತದೆ. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಾರೆ. ತಡವಾಗಿ ಬಂದ ಚಿತ್ರವನ್ನು ಪರದೆಯ ಮೇಲೆ ತೋರಿಸಿದರೂ ಮುಖ್ಯ ಬಹುಮಾನಕ್ಕೆ ಲೆಕ್ಕವಿಲ್ಲ. ಹೇಗೋ ಏನೋ, ಗಡುವಿಗೆ ಮೂರು ನಿಮಿಷವಿರುವಾಗ ಚಿತ್ರ ಸೇರಬೇಕಾದಲ್ಲಿಗೆ ಸೇರುತ್ತದೆ. ಶೂಟಿಂಗ್ ಮುಗಿದಾಗ ಒಡೆಯಲೆಂದು ತಂದಿಟ್ಟಿದ್ದ ಕುಂಬಳಕಾಯಿಯನ್ನು ಒಡೆಯುವುದು ಎಲ್ಲರಿಗೂ ಮರೆತಿರುತ್ತದೆ. ಸೋಮವಾರ ಅದರದೇ ಮಜ್ಜಿಗೆ ಹುಳಿ.

ಬಹುಮಾನ ಬಂದರೂ ಬಾರದಿದ್ದರೂ ಉತ್ಸವಗಳ ಪರ್ವ ಮುಂದೆ ಇದ್ದೇ ಇದೆ. ಅವಕ್ಕೂ ಅರ್ಲಿ ಬರ್ಡ್, ರೆಗ್ಯುಲರ್, ಲೇಟ್ ಎಂದು ಗಡುವುಗಳ ಮೆಟ್ಟಿಲು, ಮೆಟ್ಟಿಲು ಹತ್ತಿದಂತೆ ಶುಲ್ಕವೂ ಏರುತ್ತದೆ. ಈತ ಯಾವತ್ತೂ ಕೊನೆಯ ಮೆಟ್ಟಿಲಿನ ಗಿರಾಕಿ. ಕಟ್ಟಿದ ಶುಲ್ಕವನ್ನೆಲ್ಲ ಕೂಡಿದರೆ ಇನ್ನೊಂದು ಚಿತ್ರ ತೆಗೆಯಬಹುದಿತ್ತು. ಬದಲಿಗೆ ಪೋಸ್ಟರಿನ ತುಂಬ ಎಲೆಗಳ ಚಿತ್ತಾರದ ನಡುವೆ ‘ಅಫಿಶಿಯಲ್ ಸೆಲೆಕ್ಷನ್’ ಎಂಬ ಮುದ್ರೆಗಳು. ಎಲೆಗಳ ಮರೆಯಲ್ಲಿ ಮೇಷ್ಟ್ರ ಮುಖ ಅಲ್ಪಸ್ವಲ್ಪ ಕಾಣುತ್ತದೆ.

ನಗುವುದನ್ನೆಲ್ಲ ನಕ್ಕ ಮೇಲೆ ಒಂದು ಮಾತು ಹೇಳಲೇಬೇಕು. ಆ ಏಳು ನಿಮಿಷದಲ್ಲಿ ಒಂದು ಶಾಟ್ ಇದೆ. ಕಟ್ ಹೇಳಿದ ಮೇಲೂ ಕ್ಯಾಮೆರಾ ಓಡುತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ಅಮ್ಮ ಮಿಕ್ಸಿಯ ಮುಚ್ಚಳ ಹಿಡಿದು, ಹಾಕಲೋ ಬೇಡವೋ ಎಂದು ಮಗನ ಮುಖ ನೋಡುತ್ತ ನಿಂತಿದ್ದಾರೆ. ಎಡಿಟರ್ ನಿದ್ದೆಗಣ್ಣಿನಲ್ಲಿ ಅದನ್ನು ಸತ್ತ ಮಗನ ಫೋನ್ ಬಂದ ಕ್ಷಣಕ್ಕೆ ಜೋಡಿಸಿಬಿಟ್ಟಿದ್ದಾನೆ. ಚಿತ್ರದಲ್ಲಿ ಹೆದರಿಕೆಯಾಗುವುದು ಅಲ್ಲೊಂದೇ ಕಡೆ, ಕಣ್ಣು ಒದ್ದೆಯಾಗುವುದೂ ಅಲ್ಲೇ. ಮೂರು ವರ್ಷ ಕೂತು ಬರೆದಿದ್ದರೆ ಈ ಶಾಟ್ ಹೊಳೆಯುತ್ತಿರಲಿಲ್ಲ. ನನ್ನ ಪ್ರಕಾರ ಈತನಿಗೆ ಸಿಕ್ಕ ಮೊದಲ ಒಳ್ಳೆಯ ನಿರ್ಮಾಪಕ ಗಡುವು, ಎರಡನೆಯವರು ಅಮ್ಮ.

ಇವತ್ತೋ ನಾಳೆಯೋ ನಿಮ್ಮ ವಾಟ್ಸ್ಯಾಪಿಗೂ ಲಿಂಕ್ ಬರುತ್ತದೆ, ‘ಆನೆಸ್ಟ್ ಆಗಿ ಫೀಡ್‌ಬ್ಯಾಕ್ ಕೊಡಿ’ ಎಂಬ ಒಕ್ಕಣೆಯೊಂದಿಗೆ. ಆನೆಸ್ಟ್ ಆಗಲು ಹೋಗಬೇಡಿ, ಸಂಬಂಧ ಕೆಡುತ್ತದೆ. ಆದರೆ ಪೂರ್ತಿ ನೋಡಿ. ಏಳು ನಿಮಿಷವಾದ ಮೇಲೆ ಹೆಸರುಗಳಿಗೆಂದು ಇನ್ನೊಂದು ನಿಮಿಷ ಕೊಟ್ಟಿರುತ್ತಾರೆ, ಅದನ್ನೂ ಬಿಡಬೇಡಿ. ಕೃತಜ್ಞತೆಯ ಸಾಲಿನಲ್ಲಿ ನಿಮ್ಮ ಹೆಸರೇ ಇದ್ದೀತು. ಎರಡನೆಯ ಶಾಟಿನಲ್ಲಿ ಬಂದಿರುವ ಗೇಟು ನಿಮ್ಮ ಮನೆಯದು.