ಏನೇನಿದೆ?

ನಮ್ಮ ಬಡಾವಣೆಯ ಹೋಟೆಲಿನ ಸಪ್ಲೈಯರಿಗೆ ಐವತ್ತೈದು ದಾಟಿದೆ. ಕುಂದಾಪುರದ ಕಡೆಯವರು, ಮೀಸೆ ಚಿಗುರುವ ಮೊದಲೇ ಬೆಂಗಳೂರಿನ ಬಸ್ಸು ಹತ್ತಿದವರು. ಗಲ್ಲಾದಲ್ಲಿ ಕೂತ ಯಜಮಾನರು ಅವರಿಗಿಂತ ಹತ್ತು ವರ್ಷ ಚಿಕ್ಕವರು, ಆದರೂ ಕರೆಯುವುದು ‘ಮಾಣಿ’ ಎಂದೇ. ಮಾಣಿ ಎಂದರೆ ಅವರ ಕಡೆ ಹುಡುಗ. ಮೊಮ್ಮಗನನ್ನು ಎತ್ತಿ ಆಡಿಸಿದ ಮೇಲೂ ಹುಡುಗನಾಗಿ ಉಳಿಯುವ ಭಾಗ್ಯ ಹೋಟೆಲಿನಲ್ಲಿ ಮಾತ್ರ ಸಿಗುತ್ತದೆ. ಗಿರಾಕಿಗಳಾದ ನಾವು ಇನ್ನೂ ಧಾರಾಳಿಗಳು. ಏನಪ್ಪಾ, ರೀ ಇವ್ರೇ, ಹಲೋ, ಶ್ಶ್! ಎಲ್ಲಕ್ಕೂ ಅವರು ತಿರುಗುತ್ತಾರೆ. ತಿರುಗದಿರುವ ವಿದ್ಯೆಯೂ ಗೊತ್ತು. ಒಂಬತ್ತು ಗಂಟೆಯ ನೂಕುನುಗ್ಗಲಲ್ಲಿ ನೀವು ಎಷ್ಟೇ ಕೈಯೆತ್ತಿದರೂ ಅವರ ದೃಷ್ಟಿ ನಿಮ್ಮ ಬೆರಳಿಗಿಂತ ಎರಡಂಗುಲ ಮೇಲೆ, ಗೋಡೆಯ ಕೃಷ್ಣನ ಪಟದಲ್ಲಿ ನೆಟ್ಟಿರುತ್ತದೆ.

ಕೂತ ಕೂಡಲೇ ನಾನು ಕೇಳುವ ಪ್ರಶ್ನೆ ಒಂದೇ. “ಏನೇನಿದೆ?” ತಲೆಯ ಮೇಲೇ ಬೋರ್ಡಿದೆ. ದರ ಬಿಟ್ಟರೆ ಅದರಲ್ಲಿ ಇಪ್ಪತ್ತು ವರ್ಷದಿಂದ ಏನೂ ಬದಲಾಗಿಲ್ಲ. ಆದರೂ ಕೇಳದೆ ತಿಂದರೆ ಹೋಟೆಲಿಗೆ ಬಂದ ಹಾಗಾಗುವುದಿಲ್ಲ. ಅವರು ಒಂದೇ ಉಸಿರಿನಲ್ಲಿ “ಇಡ್ಲಿ ವಡೆ ಖಾರಾಬಾತ್ ಕೇಸರಿಬಾತ್ ಪೂರಿ ಸೆಟ್‌ದೋಸೆ ಖಾಲಿ ಮಸಾಲೆ ರವೆ ಈರುಳ್ಳಿ ಗೋಳಿಬಜೆ... ಬನ್ಸ್” ಎನ್ನುತ್ತಾರೆ. ಬನ್ಸ್ ಹತ್ತಿರ ಒಂದು ಸಣ್ಣ ತಡೆ, ಊರಿನ ಹೆಮ್ಮೆ. ನಾನು ಹುಬ್ಬು ಗಂಟಿಕ್ಕಿ “ಬಿಸಿ ಯಾವುದಿದೆ?” ಎನ್ನುತ್ತೇನೆ. “ಎಲ್ಲಾ ಬಿಸಿಯೇ ಸಾರ್.” ಬಹಳ ಯೋಚಿಸಿ, ಇಡೀ ದೇಶದ ಭವಿಷ್ಯ ನಿರ್ಧರಿಸುವವನಂತೆ ಹೇಳುತ್ತೇನೆ: “ಒಂದು ಮಸಾಲೆದೋಸೆ.”

ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರ ಹೋಟೆಲು. ಅಲ್ಲಿ ತೋಳುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವವರನ್ನು ನೋಡಲು ಜನ ಫೋನು ಎತ್ತಿ ಹಿಡಿಯುತ್ತಾರೆ. ನಮ್ಮವರದು ಅಂಥ ಸರ್ಕಸ್ಸಲ್ಲ. ನೀರಿನ ನಾಲ್ಕು ಲೋಟ, ನಾಲ್ಕರೊಳಗೂ ಒಂದೊಂದು ಬೆರಳು, ಅಷ್ಟೇ. ಈ ಬೆರಳಿನ ವಿಷಯದಲ್ಲಿ ನಾನು ಹಲವು ಸಲ ಖಾರವಾಗಿ ಮಾತಾಡಿದ್ದೇನೆ, ಹೆಚ್ಚಾಗಿ ಮನೆಗೆ ಬಂದ ಮೇಲೆ. ನೀವಿನ್ನೂ ಕಾಫಿ ಹೀರುತ್ತಿರುವಾಗ ಒದ್ದೆ ಬಟ್ಟೆಯಿಂದ ನಿಮ್ಮ ಮೊಣಕೈವರೆಗೂ ಟೇಬಲ್ ಒರೆಸುವುದು, ಬಿಲ್ಲಿನ ತಟ್ಟೆಯನ್ನು ‘ಠಣ್’ ಎನಿಸುವುದು, ಇವೆಲ್ಲ ಇದ್ದದ್ದೇ.

ನನ್ನನ್ನು ಕೆಡಿಸಿದ್ದು ಅವರ ನೆನಪಿನ ಶಕ್ತಿ. ಹೋದ ವರ್ಷ ಡಾಕ್ಟರು ನನ್ನ ಸಕ್ಕರೆಯ ರಿಪೋರ್ಟು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಅಂದಿನಿಂದ ಮನೆಯಲ್ಲಿ ಸಿಹಿ ಬಂದ್. ಆಫೀಸಿನ ನಡುವೆ ಎರಡು ಇಡ್ಲಿ ಮಾತ್ರ ತಿನ್ನುತ್ತೇನೆಂದು ನನ್ನಾಕೆಗೆ ಮಾತು ಕೊಟ್ಟಿದ್ದೆ. ಒಂದು ಭಾನುವಾರ ಅವಳೇ “ನಿಮ್ಮ ಹೋಟೆಲಿಗೆ ಹೋಗೋಣ” ಎಂದಳು. ಅವಳಿಗೆ ಆತ ಇಡೀ ಪಟ್ಟಿ ಒಪ್ಪಿಸಿದರು. ನನ್ನನ್ನು ಕೇಳಲೇ ಇಲ್ಲ. ಒಳಗೆ ಹೋಗಿ ಬಂದು ನನ್ನ ಮುಂದೆ ಒಂದು ಪ್ಲೇಟ್ ಕೇಸರಿಬಾತ್ ಇಟ್ಟರು. ನಾನು ಕಣ್ಣು ಮಿಟುಕಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಓಡಿಹೋಗಿ ಇನ್ನೊಂದು ಚಮಚ ತುಪ್ಪ ತಂದು ಸುರಿದರು.

“ಸಾರ್ ದಿನಾ ತಗೊಳ್ಳೋದಮ್ಮಾ, ಹತ್ತೂವರೆಗೆ ಸರಿಯಾಗಿ. ಸಾರ್ ಬರದಿದ್ರೆ ಭಟ್ರು ಕೇಳ್ತಾರೆ.”

ನನ್ನಾಕೆ ಏನೂ ಅನ್ನಲಿಲ್ಲ. ನನ್ನ ಕೇಸರಿಬಾತನ್ನು ದ್ರಾಕ್ಷಿ ಗೋಡಂಬಿ ಸಮೇತ ನಿಧಾನವಾಗಿ ತಿಂದು ಮುಗಿಸಿ, ನನ್ನ ಪರ್ಸಿನಿಂದ ಐವತ್ತು ರೂಪಾಯಿ ತೆಗೆದು ಆತನಿಗೆ ಟಿಪ್ಸ್ ಕೊಟ್ಟಳು. ಮರುದಿನ ಹತ್ತೂವರೆಗೆ ನಾನು ಕೂತರೆ ಎರಡು ಇಡ್ಲಿ ಬಂತು. ಹಿಂದೆಯೇ ಇಡೀ ಹೋಟೆಲಿಗೆ ಕೇಳುವಂತೆ, “ಸಕ್ಕರೆ ಇಲ್ಲದ್ದು ಒಂದು!” ನಾನು ದುರುಗುಟ್ಟಿದೆ. “ಅಮ್ಮ ಹೇಳಿ ಹೋಗಿದಾರೆ ಸಾರ್.”

ಟಿಪ್ಸ್ ಎಂದೆನಲ್ಲ. ಬಿಲ್ಲಿಗೆ ತಾವಾಗಿಯೇ ಸೇವಾ ಶುಲ್ಕ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿದಾಗ, ಕೊಡುವುದು ಮನಸ್ಸಿನಿಂದ ಬರಬೇಕು ಎಂದು ನಾನು ಆಫೀಸಿನಲ್ಲಿ ಭಾಷಣ ಮಾಡಿದ್ದೆ. ಆಗೆಲ್ಲ ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ವಾಪಸು ಬರುತ್ತಿತ್ತು, ನಾಚಿಕೆಗಾದರೂ ಐದು ರೂಪಾಯಿ ಅಲ್ಲೇ ಬಿಡುತ್ತಿದ್ದೆ. ಈಗ ಫೋನಿನಲ್ಲಿ ನೂರಾ ಹದಿನೆಂಟು ಎಂದರೆ ನೂರಾ ಹದಿನೆಂಟೇ. ಗಲ್ಲಾದ ಡಬ್ಬಿ ಹಣ ಬಂತೆಂದು ಕೂಗುತ್ತದೆ, ಸೋಂಪು ಮಾತ್ರ ನನ್ನ ಬಾಯಿಗೆ ಬೀಳುತ್ತದೆ. ಮನಸ್ಸಿಗೆ ಚಿಲ್ಲರೆ ಬೇಕಿತ್ತೆಂದು ಆಮೇಲೆ ತಿಳಿಯಿತು.

ಒಂದು ಮಧ್ಯಾಹ್ನ ಮಳೆಗೆ ಸಿಕ್ಕಿ ಕೂತಿದ್ದಾಗ ಅವರು ತಮ್ಮ ಅಣ್ಣನ ಸುದ್ದಿ ಹೇಳಿದರು. ಅಣ್ಣ ಹತ್ತಿದ್ದು ಮುಂಬೈ ಬಸ್ಸು. ಅಲ್ಲಿ ಹಗಲು ಲೋಟ ತೊಳೆದ ಮಾಣಿಗಳಿಗೆ ರಾತ್ರಿ ಕನ್ನಡ ಶಾಲೆ ಇತ್ತು. ಹಾಗೆ ಓದಿದ ಅಣ್ಣ ಬ್ಯಾಂಕಿನಲ್ಲಿ ರಿಟೈರಾದರು. “ನಾನು ಸ್ಟ್ಯಾಂಡಿನಲ್ಲಿ ಖಾಲಿ ಸೀಟಿದ್ದ ಬಸ್ಸು ಹತ್ತಿದೆ ಸಾರ್” ಎಂದು ನಕ್ಕು, ನನ್ನ ಮೊಣಕೈ ಎತ್ತಿಸಿ ಟೇಬಲ್ ಒರೆಸಿದರು.

ಮೊನ್ನೆ ರಾತ್ರಿ ಮೆಜೆಸ್ಟಿಕ್ ಹತ್ತಿರದ ಒಂದು ದರ್ಶಿನಿಯಲ್ಲಿ ಆತ ಕಂಡರು. ಎಂಬತ್ತರ ದಶಕದಲ್ಲಿ ಈ ದರ್ಶಿನಿಗಳು ಹುಟ್ಟಿದ್ದೇ ಸಪ್ಲೈಯರಿಲ್ಲದೆ ತಿನ್ನಿಸುವುದಕ್ಕೆ. ಟೋಕನ್ ತಗೋ, ತಟ್ಟೆ ಎತ್ತಿಕೋ, ನಿಂತು ತಿನ್ನು. ಊರಿಗೆ ಹೊರಟಿದ್ದ ಅವರು ಚೀಲ ಹಿಡಿದು ಕ್ಯೂ ಪಕ್ಕ ನಿಂತು, ಹೋಗುವವರಿಗೆಲ್ಲ ದಾರಿ ಬಿಡುತ್ತಿದ್ದರು. ಯಾರೋ ಬಿಟ್ಟುಹೋದ ಮೂರು ಲೋಟಗಳನ್ನು ಆಗಲೇ ಒಂದರೊಳಗೊಂದು ಸೇರಿಸಿಟ್ಟಾಗಿತ್ತು.

“ಕನ್ನಡಕ ಚೀಲದ ಅಡೀಲಿದೆ” ಎಂದು ಬೋರ್ಡಿನ ಕಡೆ ನೋಡಿದರು. “ಏನೇನಿದೆ ಸಾರ್?”

ಒಂದೇ ಉಸಿರಿನಲ್ಲಿ ಹೇಳಬೇಕೆಂದು ಶುರುಮಾಡಿದೆ. ಪೂರಿಗೇ ಉಸಿರು ಮುಗಿಯಿತು. ಉಳಿದದ್ದನ್ನು ಎರಡು ಕಂತಿನಲ್ಲಿ ಒಪ್ಪಿಸಿದೆ. ಅವರು ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡರು.

“ಬಿಸಿ ಯಾವುದಿದೆ?”

“ಎಲ್ಲಾ ಬಿಸಿಯೇ.”

“ಹಾಗಾದ್ರೆ ಒಂದು ಕಾಫಿ.”

ಎರಡು ಟೋಕನ್ ತಗೊಂಡೆ. ಎಡಗೈಯಲ್ಲಿ ಎರಡು ಕಾಫಿ ಲೋಟದ ಅಂಚು, ಬಲಗೈಯಲ್ಲಿ ಎರಡು ಲೋಟ ನೀರು ಹಿಡಿದು, ಜನರನ್ನು ತಪ್ಪಿಸಿ, ಒಂದು ಹನಿಯೂ ಚೆಲ್ಲದೆ ತಂದು ಇಟ್ಟೆ. ಅವರು ನೀರು ಮುಟ್ಟಲಿಲ್ಲ. ಲೋಟದೊಳಗೆ ಇನ್ನೂ ಅದ್ದಿಕೊಂಡೇ ಇದ್ದ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು.